ಸೇರಿಸುವವರು ಸಾವಿರ, ತಿದ್ದುವವರು ಯಾರು? – ಚಾಟ್‌ಬಾಟ್ ಆಡ್-ಆನ್‌ಗಳ ಅರವತ್ತು ವರ್ಷದ ಕಥೆ



ಚಾಟ್‌ಬಾಟ್ ಎಂದರೇನು ಎಂದು ಈಗ ಯಾರಿಗೂ ಹೇಳಿಕೊಡಬೇಕಾಗಿಲ್ಲ. ನಮ್ಮ ಏಳನೇ ತರಗತಿಯ ಮಕ್ಕಳೇ ಅಪ್ಪನ ಮೊಬೈಲಿನಲ್ಲಿ ಪ್ರಶ್ನೆ ಕೇಳಿ, ಬಂದ ಉತ್ತರವನ್ನು ಪಟ್ಟಿಯಲ್ಲಿ ಬರೆದುಕೊಂಡು ಬರುತ್ತಾರೆ. ಆದರೆ ಕಂಪನಿಯವರು ತಯಾರಿಸಿದ ಚಾಟ್‌ಬಾಟ್ ಒಂದು, ಅದರ ಮೇಲೆ ನಮ್ಮ ನಿಮ್ಮಂಥವರು ತಯಾರಿಸಿ ಹಂಚುವ ಆಡ್-ಆನ್‌ಗಳು ಇನ್ನೊಂದು. ಗಣಿತ ಕಲಿಸುವುದು, ವ್ಯಾಕರಣ ತಿದ್ದುವುದು, ರಸಪ್ರಶ್ನೆ ನಡೆಸುವುದು ಹೀಗೆ ನಾನಾ ಬಗೆ. ಯಾರು ಬೇಕಾದರೂ ಮಾಡಬಹುದು, ಲಿಂಕ್ ಕಳಿಸಿದರೆ ಯಾರು ಬೇಕಾದರೂ ಬಳಸಬಹುದು. ಶಿಕ್ಷಕರ ವಾಟ್ಸಾಪ್ ಗುಂಪುಗಳಲ್ಲೂ ಇಂಥ ಲಿಂಕ್‌ಗಳು ಬರತೊಡಗಿವೆ.

ಇವುಗಳಲ್ಲಿ ಯಾವುದು ಸರಿ ಇದೆ, ಯಾವುದು ತಪ್ಪು ಹೇಳುತ್ತದೆ ಎಂದು ನೋಡುವವರು ಯಾರು? ಈ ಪ್ರಶ್ನೆ ನಿನ್ನೆ ಮೊನ್ನೆ ಹುಟ್ಟಿದ್ದಲ್ಲ. ಚಾಟ್‌ಬಾಟ್‌ನಷ್ಟೇ ಹಳೆಯದು. ಅದರ ಇತಿಹಾಸವನ್ನು ಸ್ವಲ್ಪ ನೋಡೋಣ.

ಎಲಿಜಾ ಮತ್ತು ಅವಳ "ಶಿಕ್ಷಕ"

ಅಮೆರಿಕದ ಎಂಐಟಿಯಲ್ಲಿ ಜೋಸೆಫ್ ವೈಜೆನ್‌ಬಾಮ್ ಎಂಬ ಪ್ರಾಧ್ಯಾಪಕರು 1964ರಿಂದ 1966ರ ನಡುವೆ ಎಲಿಜಾ ಎಂಬ ಪ್ರೋಗ್ರಾಂ ಬರೆದರು. 1966ರ ಜನವರಿಯಲ್ಲಿ ಅದರ ಬಗ್ಗೆ ಲೇಖನ ಪ್ರಕಟಿಸಿದರು. ಮನೋವೈದ್ಯರಂತೆ ಮಾತನಾಡುವ ಎಲಿಜಾ ಎಂದೇ ಎಲ್ಲರೂ ಅದನ್ನು ನೆನೆಯುತ್ತಾರೆ. ಆದರೆ ವೈದ್ಯರಂತೆ ಮಾತನಾಡುತ್ತಿದ್ದುದು ಎಲಿಜಾ ಅಲ್ಲ, "ಡಾಕ್ಟರ್" ಎಂಬ ಸ್ಕ್ರಿಪ್ಟ್. ವೈಜೆನ್‌ಬಾಮ್ ಪ್ರೋಗ್ರಾಂ ಬೇರೆ, ಮಾತಿನ ನಿಯಮಗಳ ಸ್ಕ್ರಿಪ್ಟ್ ಬೇರೆ ಎಂದು ಎರಡು ಭಾಗ ಮಾಡಿದ್ದರು. ಸ್ಕ್ರಿಪ್ಟ್ ಬದಲಾಯಿಸಿದರೆ ಅದೇ ಎಲಿಜಾ ಬೇರೆ ವಿಷಯ ಮಾತನಾಡುತ್ತಾಳೆ. ಇಂದಿನ ಆಡ್-ಆನ್‌ಗಳ ಮೂಲ ಇಲ್ಲಿಯೇ ಇದೆ.

ಎರಡು ಸಂಗತಿಗಳು ನಮ್ಮಂಥವರಿಗೆ ವಿಶೇಷ ಅನ್ನಿಸುತ್ತವೆ. ಮೊದಲನೆಯದು, ಆ ಹೆಸರು. ಬರ್ನಾರ್ಡ್ ಷಾ ಅವರ "ಪಿಗ್ಮೇಲಿಯನ್" ನಾಟಕದ ಎಲಿಜಾಳಿಗೆ ಗುರುವೊಬ್ಬ ಮಾತು ಕಲಿಸುತ್ತಾನೆ. ಈ ಪ್ರೋಗ್ರಾಂಗೂ ಒಬ್ಬ ಶಿಕ್ಷಕ ಹಂತ ಹಂತವಾಗಿ ಮಾತು ತಿದ್ದಬಹುದು ಎಂಬ ಕಾರಣಕ್ಕೇ ಆ ಹೆಸರು ಇಟ್ಟರು. ಅಂದರೆ ಮೊದಲ ದಿನದಿಂದಲೇ "ತಿದ್ದುವವನು" ಈ ವಿದ್ಯೆಯ ಭಾಗ. ಎರಡನೆಯದು, 1966ರ ಆ ಲೇಖನದ ಪ್ರಕಾರವೇ ಆಗ ಇಂಗ್ಲಿಷ್ ಅಲ್ಲದೆ ಜರ್ಮನ್ ಮತ್ತು ವೆಲ್ಶ್ ಭಾಷೆಗಳಲ್ಲೂ ಸ್ಕ್ರಿಪ್ಟ್‌ಗಳಿದ್ದವು. ವೆಲ್ಶ್ ಎಂದರೆ ಇಂಗ್ಲೆಂಡಿನ ಪಕ್ಕದ ವೇಲ್ಸ್‌ನ ಭಾಷೆ. ದೊಡ್ಡ ಭಾಷೆಯ ಮಗ್ಗುಲಲ್ಲಿ ಬದುಕುವ ಸಣ್ಣ ಭಾಷೆ. ಗಡಿಯಾಚೆ ಕನ್ನಡ ಕಲಿಸುವ ನಮಗೆ ಆ ಸ್ಥಿತಿ ಹೊಸದೇನಲ್ಲ.

ಆಗ ಸ್ಕ್ರಿಪ್ಟ್ ಬರೆಯುತ್ತಿದ್ದವರು ಬೆರಳೆಣಿಕೆಯ ಮಂದಿ. ಬರೆದವನೇ ಓದುತ್ತಿದ್ದ, ತಿದ್ದುತ್ತಿದ್ದ. ಹಾಗಾಗಿ ಗುಣಮಟ್ಟದ ಗೊಂದಲ ಇರಲಿಲ್ಲ.

ಆಲಿಸ್: ಐನೂರು ಮಂದಿಯ ಕೊಡುಗೆ

ಗೊಂದಲ ಶುರುವಾದದ್ದು ಇಂಟರ್ನೆಟ್ ಬಂದ ಮೇಲೆ. 1995ರ ನವೆಂಬರಿನಲ್ಲಿ ರಿಚರ್ಡ್ ವಾಲೇಸ್ ಎಂಬುವರು ಆಲಿಸ್ ಎಂಬ ಚಾಟ್‌ಬಾಟ್ ಆರಂಭಿಸಿದರು. ಅದಕ್ಕಾಗಿ ಎಐಎಂಎಲ್ ಎಂಬ ಸರಳ ಭಾಷೆ ರೂಪುಗೊಂಡಿತು. ಅದರ ಮುಖ್ಯ ಘಟಕ "ಕೆಟಗರಿ". ಒಂದು ಪ್ರಶ್ನೆಯ ಮಾದರಿ, ಅದಕ್ಕೆ ಒಂದು ಉತ್ತರ, ಅಷ್ಟೇ. ಪ್ರೋಗ್ರಾಮಿಂಗ್ ಬಾರದವರೂ ಬರೆಯಬಹುದು. ವಾಲೇಸ್ ಇದನ್ನು ಜಿಪಿಎಲ್ ಎಂಬ ಮುಕ್ತ ಪರವಾನಗಿಯಲ್ಲಿ ಬಿಟ್ಟರು. 500ಕ್ಕೂ ಹೆಚ್ಚು ಮಂದಿ ಕೊಡುಗೆ ನೀಡಿದ್ದಾರೆಂದು ಅವರೇ ಬರೆದಿದ್ದಾರೆ. ಕೆಟಗರಿಗಳು ಬೆಳೆದು ಸುಮಾರು 40,000 ಆದವು. ಆಲಿಸ್ 2000, 2001 ಮತ್ತು 2004ರಲ್ಲಿ ಲೋಬ್ನರ್ ಸ್ಪರ್ಧೆಯ ಕಂಚಿನ ಪದಕ ಗೆದ್ದಿತು.

ಬಾಟ್ ನೋಡಿಕೊಳ್ಳುವವರನ್ನು ಅವರು "ಬಾಟ್‌ಮಾಸ್ಟರ್" ಎಂದು ಕರೆದರು. ಬಾಟ್‌ಮಾಸ್ಟರನ ದಿನನಿತ್ಯದ ಕೆಲಸ ಏನು ಗೊತ್ತೇ? ಜನ ಬಾಟ್ ಜೊತೆ ಆಡಿದ ಮಾತುಗಳ ದಾಖಲೆ ತೆರೆದು ಓದುವುದು, ಎಲ್ಲಿ ಬಾಟ್ ತಡವರಿಸಿದೆಯೋ ಅಲ್ಲಿ ಹೊಸ ಕೆಟಗರಿ ಬರೆಯುವುದು. ಮಕ್ಕಳ ಪಟ್ಟಿ ತಿದ್ದಿ, ಎಲ್ಲರೂ ತಪ್ಪು ಮಾಡಿದ ಲೆಕ್ಕವನ್ನು ಮರುದಿನ ಹಲಗೆಯ ಮೇಲೆ ಮತ್ತೆ ಬಿಡಿಸುತ್ತೇವಲ್ಲ, ಥೇಟ್ ಹಾಗೆ. ಜನ ಕೇಳುವ ಮಾತುಗಳಲ್ಲಿ ಕೆಲವೇ ಕೆಲವು ಮತ್ತೆ ಮತ್ತೆ ಬರುತ್ತವೆ, ಆದ್ದರಿಂದ ಮೊದಲು ಅವನ್ನು ಸರಿಪಡಿಸಬೇಕು ಎಂಬುದು ವಾಲೇಸ್ ಕಂಡುಕೊಂಡ ದಾರಿ.

ಬಿಡಿಯಾಗಿ ಸರಿ, ಕೂಡಿಸಿದರೆ ತಪ್ಪು

ಎಐಎಂಎಲ್ ಫೈಲುಗಳನ್ನು ಹಂಚಿಕೊಳ್ಳುವುದು ಸುಲಭವಾಗಿತ್ತು. ಕ್ರಿಕೆಟ್ ಬಗ್ಗೆ ಒಬ್ಬರ ಫೈಲು, ನಗೆಹನಿಗಳ ಬಗ್ಗೆ ಇನ್ನೊಬ್ಬರ ಫೈಲು ತಂದು ನಮ್ಮ ಬಾಟ್‌ಗೆ ಸೇರಿಸಿದರಾಯಿತು. ಆದರೆ ಇಲ್ಲೊಂದು ಪೇಚಿತ್ತು. ಎರಡು ಫೈಲುಗಳಲ್ಲಿ ಒಂದೇ ಪ್ರಶ್ನೆ ಇದ್ದರೆ? ಹಲವು ವ್ಯವಸ್ಥೆಗಳಲ್ಲಿ ನಂತರ ತುಂಬಿದ್ದು ಮೊದಲಿನದನ್ನು ಅಳಿಸಿಬಿಡುತ್ತದೆ. ಯಾವುದು ಉತ್ತಮ ಉತ್ತರ ಎಂಬುದು ಅಲ್ಲಿ ಲೆಕ್ಕಕ್ಕೇ ಇಲ್ಲ, ಯಾವುದು ಕೊನೆಗೆ ಬಂತು ಎಂಬುದಷ್ಟೇ ಲೆಕ್ಕ.

ಇನ್ನೊಂದು ತೊಂದರೆ. ಒಂದು ಪ್ರಶ್ನೆಯನ್ನು ಇನ್ನೊಂದರ ಕಡೆಗೆ ತಿರುಗಿಸುವ ಸೌಲಭ್ಯ ಎಐಎಂಎಲ್‌ನಲ್ಲಿದೆ. ಒಬ್ಬರ ಫೈಲು "ಅಪ್ಪ ಎಂದರೆ ತಂದೆ ನೋಡು" ಎನ್ನುತ್ತದೆ, ಇನ್ನೊಬ್ಬರದು "ತಂದೆ ಎಂದರೆ ಅಪ್ಪ ನೋಡು" ಎನ್ನುತ್ತದೆ ಎಂದುಕೊಳ್ಳಿ. ಎರಡನ್ನೂ ಕೂಡಿಸಿದರೆ ಬಾಟ್ ಗಾಣದ ಎತ್ತಿನಂತೆ ಸುತ್ತುತ್ತಲೇ ಇರುತ್ತದೆ. ಮತ್ತೊಂದು, ಬಾಟ್‌ನ ಸ್ವಭಾವ. ಒಂದು ಫೈಲಿನಲ್ಲಿ "ನಾನು ಯಂತ್ರ" ಎಂದಿದ್ದು, ಇನ್ನೊಂದರಲ್ಲಿ "ನನಗೆ ಇಬ್ಬರು ತಮ್ಮಂದಿರು" ಎಂದಿದ್ದರೆ, ಕೇಳುವವರಿಗೆ ಬಾಟ್ ಸುಳ್ಳು ಹೇಳಿದಂತೆ ಆಗುತ್ತದೆ.

ಗಮನಿಸಿ, ಇಲ್ಲಿ ಯಾರೂ ಕೆಟ್ಟ ಕೆಲಸ ಮಾಡಿಲ್ಲ. ಪ್ರತಿಯೊಬ್ಬರ ಫೈಲು ಬಿಡಿಯಾಗಿ ಸರಿಯೇ ಇದೆ. ತಪ್ಪು ಹುಟ್ಟಿದ್ದು ಕೂಡಿಸಿದ ಜಾಗದಲ್ಲಿ. ಇದಕ್ಕೆ ಎಐಎಂಎಲ್ ಬಳಗ ಒಂದು ಒಳ್ಳೆಯ ಉಪಾಯ ಮಾಡಿತು. ಬಾಟ್‌ನ ಹೆಸರು, ಊರು, ಹುಟ್ಟಿದ ದಿನ ಇಂಥವನ್ನು ಉತ್ತರದೊಳಗೆ ನೇರವಾಗಿ ಬರೆಯಬೇಡಿ, ಖಾಲಿ ಜಾಗ ಬಿಡಿ, ಬಳಸುವ ಬಾಟ್‌ಮಾಸ್ಟರ್ ತನ್ನದನ್ನು ತುಂಬಿಕೊಳ್ಳಲಿ ಎಂದಿತು. ಹಂಚುವ ವಸ್ತುವನ್ನು ಹಂಚಲು ತಕ್ಕಂತೆ ಬರೆಯುವ ಕ್ರಮ ಇದು. ಆದರೂ ಕೂಡಿಸಿದ ಮೇಲೆ ಒಮ್ಮೆ ಎಲ್ಲವನ್ನೂ ಓದಿ ನೋಡುವ ಮನುಷ್ಯ ಬೇಕೇ ಬೇಕಾಗಿತ್ತು.

ಟೇ ಮತ್ತು ಮಿತ್ಸುಕು

ಆ ಮನುಷ್ಯ ಇಲ್ಲದಿದ್ದರೆ ಏನಾಗುತ್ತದೆ? 2016ರ ಮಾರ್ಚ್ 23ರಂದು ಮೈಕ್ರೋಸಾಫ್ಟ್ ಕಂಪನಿ ಟೇ ಎಂಬ ಬಾಟನ್ನು ಟ್ವಿಟರ್‌ನಲ್ಲಿ ಬಿಟ್ಟಿತು. ಜನರೊಡನೆ ಮಾತನಾಡುತ್ತಾ ಅದು ಕಲಿಯಬೇಕೆಂಬುದು ಉದ್ದೇಶ. ಕಿಡಿಗೇಡಿಗಳು ಕೂಡಿಕೊಂಡು ಜನಾಂಗ ದ್ವೇಷದ ಮಾತುಗಳನ್ನು ಕಲಿಸಿದರು. ಸುಮಾರು 16 ಗಂಟೆಯಲ್ಲೇ ಟೇಯನ್ನು ಹಿಂತೆಗೆದುಕೊಳ್ಳಬೇಕಾಯಿತು. ಕಂಪನಿ ಕ್ಷಮೆ ಕೇಳಿತು.

ಇದಕ್ಕೆ ಎದುರಾಗಿ ಮಿತ್ಸುಕು ಎಂಬ ಬಾಟನ್ನು ನೋಡಿ. ಇಂಗ್ಲೆಂಡಿನ ಲೀಡ್ಸ್‌ನ ಸ್ಟೀವ್ ವರ್ಸ್‌ವಿಕ್ ಎಂಬುವರು ಅದನ್ನು ಅದೇ ಎಐಎಂಎಲ್‌ನಲ್ಲಿ 2005ರಿಂದ ಬೆಳೆಸಿದರು. 2013ರಲ್ಲಿ ಒಮ್ಮೆ, 2016ರಿಂದ 2019ರವರೆಗೆ ನಾಲ್ಕು ಬಾರಿ, ಹೀಗೆ ಒಟ್ಟು ಐದು ಸಲ ಅದು ಲೋಬ್ನರ್ ಸ್ಪರ್ಧೆ ಗೆದ್ದಿತು. ಮಿತ್ಸುಕುವಿಗೂ ಜನ ಹೊಸ ವಿಷಯ ಕಲಿಸಬಹುದಿತ್ತು. ಆದರೆ ಕಲಿಸಿದ್ದು ಕಲಿಸಿದವರ ಮಾತುಕತೆಯಲ್ಲಿ ಮಾತ್ರ ಉಳಿಯುತ್ತಿತ್ತು. ಎಲ್ಲರಿಗೂ ಅನ್ವಯವಾಗಬೇಕಾದರೆ ವರ್ಸ್‌ವಿಕ್ ಅವರು ಸ್ವತಃ ನೋಡಿ ಒಪ್ಪಬೇಕಿತ್ತು. ಟೇ ಹಿಂದೆ ದೊಡ್ಡ ಕಂಪನಿಯಿತ್ತು, ಮಿತ್ಸುಕು ಹಿಂದೆ ದಿನಾ ಓದಿ ನೋಡುವ ಒಬ್ಬ ಮನುಷ್ಯನಿದ್ದ. ಉಳಿದದ್ದು ಯಾವುದು ಎಂದು ಹೇಳಬೇಕಾಗಿಲ್ಲ.

ಬಾಗಿಲಲ್ಲಿ ಒಮ್ಮೆ ನೋಡಿದರೆ ಸಾಕೇ?

ಒಬ್ಬರು ಎಷ್ಟು ಓದಿಯಾರು ಎಂದು ನೀವು ಕೇಳಬಹುದು. ದೊಡ್ಡ ಕಂಪನಿಗಳೂ ಅದನ್ನೇ ಕೇಳಿಕೊಂಡು, ಬಾಗಿಲಲ್ಲಿ ಒಂದು ತಪಾಸಣೆ ಇಟ್ಟವು. ಅಮೆಜಾನ್ 2015ರಲ್ಲಿ ತನ್ನ ಅಲೆಕ್ಸಾಗೆ ಹೊರಗಿನವರು "ಸ್ಕಿಲ್" ಎಂಬ ಆಡ್-ಆನ್ ಬರೆಯಲು ಅವಕಾಶ ಕೊಟ್ಟಿತು. 2019ರ ಹೊತ್ತಿಗೆ ಅವು ಒಂದು ಲಕ್ಷ ದಾಟಿದವು. ಪ್ರತಿಯೊಂದಕ್ಕೂ ಪ್ರಮಾಣೀಕರಣ ಇತ್ತು. ಅಮೆರಿಕದ ಕ್ಲೆಮ್ಸನ್ ವಿಶ್ವವಿದ್ಯಾಲಯದ ಸಂಶೋಧಕರು ಆ ತಪಾಸಣೆಯನ್ನೇ ತಪಾಸಣೆ ಮಾಡಿದರು. ಬೇಕೆಂದೇ ನಿಯಮ ಮುರಿಯುವ 234 ಸ್ಕಿಲ್‌ಗಳನ್ನು ಬರೆದು ಕಳಿಸಿದರು. ಮಕ್ಕಳ ವಿಭಾಗದ ನಿಯಮ ಮುರಿಯುವಂಥವೂ ಅದರಲ್ಲಿದ್ದವು. 2020ರಲ್ಲಿ ಪ್ರಕಟವಾದ ಫಲಿತಾಂಶ: 234ಕ್ಕೆ 234ೂ ಪಾಸು! ಅಲ್ಲದೆ ಸ್ಕಿಲ್‌ನ ಒಳಗಿನ ಕೋಡ್ ಬರೆದವರ ಸರ್ವರಿನಲ್ಲೇ ಇರಬಹುದಾದ್ದರಿಂದ, ಒಪ್ಪಿಗೆ ಸಿಕ್ಕ ಮೇಲೂ ಅದನ್ನು ಬದಲಾಯಿಸಲು ಸಾಧ್ಯವಿತ್ತು. ಇನ್‌ಸ್ಪೆಕ್ಷನ್ ದಿನ ಶಾಲೆ ಹೇಗಿರುತ್ತದೆ, ಮರುದಿನ ಹೇಗಿರುತ್ತದೆ ಎಂದು ಶಿಕ್ಷಕರಿಗೆ ಬಿಡಿಸಿ ಹೇಳಬೇಕೇ?

ನಂತರ ಚಾಟ್‌ಜಿಪಿಟಿ ಕಾಲ. 2023ರ ಮಾರ್ಚ್‌ನಲ್ಲಿ ಓಪನ್‌ಎಐ ಕಂಪನಿ ಪ್ಲಗಿನ್‌ಗಳನ್ನು ಪ್ರಕಟಿಸಿತು. ಅದೇ ನವೆಂಬರಿನಲ್ಲಿ, ಪ್ರೋಗ್ರಾಮಿಂಗ್ ಇಲ್ಲದೆ ಯಾರಾದರೂ ತಮ್ಮದೇ "ಜಿಪಿಟಿ" ತಯಾರಿಸುವ ಸೌಲಭ್ಯ ಬಂತು. 2024ರ ಜನವರಿ 10ರಂದು ಜಿಪಿಟಿ ಸ್ಟೋರ್ ತೆರೆದಾಗ 30 ಲಕ್ಷಕ್ಕೂ ಹೆಚ್ಚು ತಯಾರಾಗಿವೆ ಎಂದು ಕಂಪನಿಯೇ ಹೇಳಿತು. ಎರಡು ತಿಂಗಳಲ್ಲಿ 30 ಲಕ್ಷ! ಕಂಪನಿಯ ನಿಯಮಕ್ಕೆ ವಿರುದ್ಧವಾದವೂ ಅಂಗಡಿಯಲ್ಲಿ ಕಂಡುಬಂದವು ಎಂದು ಪತ್ರಿಕೆಗಳು ಬರೆದವು. ಪ್ಲಗಿನ್‌ಗಳನ್ನಂತೂ 2024ರ ಏಪ್ರಿಲ್ 9ಕ್ಕೆ ಮುಚ್ಚಿಯೇಬಿಟ್ಟರು. ಅದಕ್ಕಾಗಿ ಶ್ರಮಪಟ್ಟವರು ಬೇರೆ ದಾರಿ ನೋಡಿಕೊಳ್ಳಬೇಕಾಯಿತು. ಆಲಿಸ್‌ನ ಫೈಲುಗಳಾದರೋ ಮುಕ್ತ ಪರವಾನಗಿಯ ಸಾದಾ ಪಠ್ಯ. ಯಾರು ಬೇಕಾದರೂ ಇಳಿಸಿಕೊಂಡು ತಿದ್ದಬಹುದು.

ನಮ್ಮ ಕನ್ನಡ ಶಾಲೆಗಳಿಗೆ ಇದರಿಂದೇನು?

ಇಂಗ್ಲಿಷಿನಲ್ಲಿ ಒಂದು ಕೆಟ್ಟ ಆಡ್-ಆನ್ ಇದ್ದರೆ ಅದರ ಪಕ್ಕದಲ್ಲಿ ನೂರು ಬೇರೆ ಇರುತ್ತವೆ, ಹೋಲಿಸಿ ನೋಡಬಹುದು. ಕನ್ನಡದಲ್ಲಿ, ಅದೂ ಮಹಾರಾಷ್ಟ್ರದ ಕನ್ನಡ ಮಾಧ್ಯಮಕ್ಕೆ ಎಂದರೆ, ಒಂದು ಇದ್ದರೂ ಹೆಚ್ಚು. ಆ ಒಂದರಲ್ಲಿ ತಪ್ಪಿದ್ದರೆ ಆ ತಪ್ಪೇ ಮಕ್ಕಳ ಪಾಲಿಗೆ ಸತ್ಯವಾಗುತ್ತದೆ. ಇದೇ ನಿಜವಾದ ಅಪಾಯ.

ಒಂದು ಉದಾಹರಣೆ. "ಐದನೇ ತರಗತಿ, ಕನ್ನಡ ಮಾಧ್ಯಮ" ಎಂದಷ್ಟೇ ಬರೆದು ಯಾರಾದರೂ ಆಡ್-ಆನ್ ಹಂಚಿದರೆ, ಅದು ಕರ್ನಾಟಕದ ಪಠ್ಯಕ್ಕೆ ಮಾಡಿದ್ದಾಗಿರಬಹುದು. ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಕಡೆಯ ನಮ್ಮ ಮಕ್ಕಳ ಕೈಯಲ್ಲಿರುವುದು ಬಾಲಭಾರತಿ ಪುಸ್ತಕ. ಭಾಷೆ ಒಂದೇ, ಪಾಠ ಬೇರೆ. ಕಾಸರಗೋಡಿನ ಮಕ್ಕಳಿಗೆ ಕೇರಳದ ಪಾಠ. ಆಲಿಸ್ ಫೈಲುಗಳಿಗೆ ಆದ ಗತಿಯೇ ಇಲ್ಲೂ. ಬಿಡಿಯಾಗಿ ಸರಿ, ಕೂಡಿಸಿದ ಜಾಗದಲ್ಲಿ ತಪ್ಪು.

ಭಾಷೆಯದೂ ಒಂದು ಮಾತಿದೆ. ಎಐಎಂಎಲ್ ಪದ ಪದವನ್ನೇ ಹೋಲಿಸುತ್ತದೆ. ಇಂಗ್ಲಿಷಿನಲ್ಲಿ "ಸ್ಕೂಲ್" ಎಂಬ ಪದ "ಟು", "ಇನ್", "ಫ್ರಮ್" ಸೇರಿದರೂ ಹಾಗೇ ಉಳಿಯುತ್ತದೆ. ನಮ್ಮಲ್ಲಿ ಶಾಲೆಗೆ, ಶಾಲೆಯಲ್ಲಿ, ಶಾಲೆಯಿಂದ ಎಲ್ಲವೂ ಬೇರೆ ಬೇರೆ ಪದ. ಅದರ ಮೇಲೆ ನಮ್ಮ ಕಡೆಯ ಮಗು "ಸಾಲಿಗಿ ಹೊಂಟೀನಿ" ಎನ್ನುತ್ತದೆ. ಇಂದಿನ ಬಾಟ್‌ಗಳು ಅಷ್ಟು ಮೊಂಡಲ್ಲ, ನಿಜ. ಆದರೂ ಆಡ್-ಆನ್ ಮಾಡಿದವರು ಪುಸ್ತಕದ ಕನ್ನಡದಲ್ಲಿ ಮಾತ್ರ ಪರೀಕ್ಷಿಸಿದ್ದರೆ, "ಸಾಲಿ" ಎಂದ ಮಗುವಿಗೆ ತನ್ನ ಕನ್ನಡ ಕನ್ನಡವೇ ಅಲ್ಲವೇನೋ ಅನ್ನಿಸುವ ಉತ್ತರ ಬರಬಹುದು. ಇದನ್ನು ಕಂಪನಿಯ ತಪಾಸಣೆ ಹಿಡಿಯಲಾರದು. ಆ ಮಗುವಿನ ಮಾತು ಗೊತ್ತಿರುವವರೇ ಹಿಡಿಯಬೇಕು.

ಆದ್ದರಿಂದ ಈ ಇತಿಹಾಸದಿಂದ ನಾವು ತೆಗೆದುಕೊಳ್ಳಬಹುದಾದದ್ದು ಇಷ್ಟು:

1. ಹಂಚುವ ಆಡ್-ಆನ್ ಮೇಲೆ ಯಾವ ರಾಜ್ಯದ ಪಠ್ಯ, ಯಾವ ತರಗತಿ, ಯಾವ ವರ್ಷದ ಪುಸ್ತಕ ಎಂದು ಬರೆಯಿರಿ. ತಿದ್ದುವ ಹೊಣೆ ಯಾರದು ಎಂದೂ ಬರೆಯಿರಿ.

2. ಇಪ್ಪತ್ತು ಮೂವತ್ತು ಪ್ರಶ್ನೆಗಳ ಒಂದು ಪಟ್ಟಿ ಇಟ್ಟುಕೊಳ್ಳಿ. ಮಕ್ಕಳು ಕೇಳುವ ರೀತಿಯಲ್ಲೇ ಇರಲಿ. ಏನಾದರೂ ಬದಲಾಯಿಸಿದಾಗಲೆಲ್ಲ ಅವನ್ನು ಮತ್ತೆ ಕೇಳಿ ನೋಡಿ. ನಿನ್ನೆ ಸರಿ ಇದ್ದದ್ದು ಇಂದು ಕೆಟ್ಟಿರಬಹುದು.

3. ಸಲಹೆ ಎಲ್ಲರಿಂದ ಬರಲಿ. ಆದರೆ ಯಾರೋ ಒಬ್ಬರು ಓದಿ ಒಪ್ಪಿದ ಮೇಲೆಯೇ ಸೇರಲಿ.

4. ಬರೆದದ್ದರ ಪ್ರತಿಯನ್ನು ಸಾದಾ ಫೈಲಾಗಿ ನಮ್ಮಲ್ಲೇ ಇಟ್ಟುಕೊಳ್ಳೋಣ. ಅಂಗಡಿ ಮುಚ್ಚಿದರೂ ಪಾಠ ಉಳಿಯುತ್ತದೆ.

ಮೂರನೆಯದೇ ಕಷ್ಟದ್ದು. ಒಬ್ಬರ ಮೇಲೆ ಎಲ್ಲ ಭಾರ ಬಿದ್ದರೆ, ಅವರಿಗೆ ವರ್ಗವಾದ ದಿನ ಕೆಲಸ ನಿಲ್ಲುತ್ತದೆ. ಇಬ್ಬರು ಶಿಕ್ಷಕರ ಶಾಲೆಗಳಲ್ಲಿ ಇದಕ್ಕೆ ಪುರುಸೊತ್ತಾದರೂ ಎಲ್ಲಿ? ಒಂದೊಂದು ಕೇಂದ್ರದಲ್ಲಿ ವಿಷಯಕ್ಕೆ ಇಬ್ಬರಂತೆ ಹಂಚಿಕೊಂಡರೆ ಆದೀತು ಎಂಬುದು ನನ್ನ ಅನಿಸಿಕೆ. ಒಬ್ಬರು ಬರೆದದ್ದನ್ನು ಇನ್ನೊಬ್ಬರು ಓದಲಿ. ಪರೀಕ್ಷೆಯ ಪೇಪರ್ ತಿದ್ದುವಾಗ ಈ ಶಿಸ್ತನ್ನು ನಾವು ಮೊದಲಿನಿಂದ ಪಾಲಿಸಿಕೊಂಡು ಬಂದವರೇ ಅಲ್ಲವೇ?

ಇದಕ್ಕಿಂತ ಸುಲಭದ ದಾರಿ ನಿಮ್ಮ ಶಾಲೆಯಲ್ಲಿ ಕಂಡುಕೊಂಡಿದ್ದರೆ ದಯವಿಟ್ಟು ತಿಳಿಸಿ. ಎಲ್ಲರಿಗೂ ಉಪಯೋಗವಾದೀತು.