ಚೀಲದಲ್ಲಿದ್ದ ಅಮಾನತ್: ನಮ್ಮೂರ ಪೋಸ್ಟಣ್ಣನ ನೆನಪು

ಕಳೆದ ತಿಂಗಳ ಒಂದು ಜುಮಾ ಖುತ್ಬಾದಲ್ಲಿ ಅಮಾನತ್‌ನ ಬಗ್ಗೆ ಮಾತನಾಡುತ್ತಾ ನಮ್ಮೂರಿನ ಹಳೆಯ ಪೋಸ್ಟ್‌ಮ್ಯಾನ್ ಒಬ್ಬರನ್ನು ಉದಾಹರಣೆಯಾಗಿ ಹೇಳಿದ್ದೆ. ಅದರ ಸಾರಾಂಶ ಕಳೆದ ಸಂಚಿಕೆಯಲ್ಲಿ ಬಂದಿದೆ. ಓದಿದ ಕೆಲವರು, "ಉಸ್ತಾದ್, ಅವರ ವಿಷಯ ಎರಡೇ ಸಾಲಿನಲ್ಲಿ ಮುಗಿಸಿದಿರಲ್ಲ" ಎಂದು ಆಕ್ಷೇಪಿಸಿದರು. ಆಕ್ಷೇಪ ಸರಿಯಾದದ್ದೇ. ಅವರು ತೀರಿಕೊಂಡು ವರ್ಷವಾಗುತ್ತಾ ಬಂತು. ಹೆಸರು ಅಚ್ಚಾಗುವುದು ಬೇಡ ಎಂದು ಮನೆಯವರು ಹೇಳಿದ್ದಾರೆ. ಹೆಸರಿನ ಅಗತ್ಯವೂ ಇಲ್ಲ. ಊರಿಗೆಲ್ಲಾ ಅವರು ಪೋಸ್ಟಣ್ಣ. ನಮ್ಮ ದೀನಿನವರಲ್ಲ, ಆದರೆ ಬ್ಯಾರಿ ಭಾಷೆಯನ್ನು ನಮ್ಮಷ್ಟೇ ಸಲೀಸಾಗಿ ಆಡುತ್ತಿದ್ದರು.

ನಮ್ಮ ಮಹಲ್ಲ್‌ನ ಮಸೀದಿಯ ಗೋಡೆಯಲ್ಲಿ ದಾನಿಗಳ ಹೆಸರು ಕೆತ್ತಿದ ಕಲ್ಲು ಇದೆ. ಗಲ್ಫ್‌ನಲ್ಲಿ ದುಡಿದವರ ಹೆಸರೇ ಅದರಲ್ಲಿ ಹೆಚ್ಚು. ಮದ್ರಸದ ಕಟ್ಟಡ, ಹೆಣ್ಣುಮಕ್ಕಳ ಮದುವೆ, ಹುಲ್ಲಿನ ಮಾಡು ಹೋಗಿ ಬಂದ ಹಂಚಿನ ಮಾಡು, ಇದೆಲ್ಲದರ ಹಿಂದೆ ದಮ್ಮಾಮ್, ಜುಬೈಲ್, ಶಾರ್ಜಾ, ಕುವೈತ್‌ಗಳ ಬೆವರು ಇದೆ. ಆ ಬೆವರು ಡ್ರಾಫ್ಟ್ ಆಗಿ, ರಿಜಿಸ್ಟರ್ಡ್ ಕವರಿನೊಳಗೆ ಕುಳಿತು, ಒಬ್ಬ ಮನುಷ್ಯನ ಚೀಲದಲ್ಲಿ ನಮ್ಮ ಅಂಗಳಕ್ಕೆ ಬರುತ್ತಿತ್ತು. (ಬೇರೆ ದಾರಿಯಲ್ಲಿ ಬಂದ ಹಣವೂ ಇತ್ತು. ಅದರ ಲೆಕ್ಕ ಇಲ್ಲಿ ಬೇಡ.) ಯಾರ ಮನೆಗೆ ಎಷ್ಟು ಬಂತು, ಯಾರ ಮನೆಗೆ ಆರು ತಿಂಗಳಿಂದ ಬಂದಿಲ್ಲ, ಯಾವ ಮಗ ತಾಯಿಗೆ ಬರೆಯುವುದನ್ನು ನಿಲ್ಲಿಸಿ ಹೆಂಡತಿಗೆ ಮಾತ್ರ ಬರೆಯುತ್ತಿದ್ದಾನೆ, ಇದೆಲ್ಲ ಅವರಿಗೆ ಗೊತ್ತಿತ್ತು. ಅವರ ಬಾಯಿಂದ ಮಾತ್ರ ಇನ್ನೊಬ್ಬರಿಗೆ ಗೊತ್ತಾಗಲಿಲ್ಲ.

ಇದು ಸಣ್ಣ ವಿಷಯವಲ್ಲ. ಅಂಚೆಯ ಚರಿತ್ರೆ ನೋಡಿದರೆ ಪತ್ರ ಒಯ್ಯುವ ಕೆಲಸ ಮತ್ತು ಗುಟ್ಟು ತಿಳಿಯುವ ಕೆಲಸ ಬಹಳ ಕಾಲ ಜೊತೆಜೊತೆಯಾಗಿಯೇ ಸಾಗಿವೆ.

ಪತ್ರ ಒಯ್ಯುವವನಿಗೆ ನಮ್ಮಲ್ಲಿ ದೊಡ್ಡ ಸ್ಥಾನವಿದೆ. ಸುಲೈಮಾನ್ ನಬಿ(ಅ)ಯವರ ಪತ್ರವನ್ನು ಸಬಾದ ರಾಣಿಗೆ ಮುಟ್ಟಿಸಿದ ಹುದ್‌ಹುದ್ ಹಕ್ಕಿಯ ವೃತ್ತಾಂತ ಸೂರಾ ಅನ್ನಮ್ಲ್‌ನಲ್ಲಿದೆ. ಮದ್ರಸದ ಮಕ್ಕಳಿಗೂ ಗೊತ್ತು. ಪ್ರವಾದಿ(ಸ)ಯವರು ಅರಸರಿಗೆ ಪತ್ರ ಕಳುಹಿಸುವಾಗ ಮುದ್ರೆ ಒತ್ತಲು ಬೆಳ್ಳಿಯ ಉಂಗುರ ಮಾಡಿಸಿದರು. ಹೆರಾಕ್ಲಿಯಸ್ ಚಕ್ರವರ್ತಿಗೆ ಬರೆದ ಪತ್ರವನ್ನು ದಿಹ್ಯತುಲ್ ಕಲ್ಬೀ(ರ) ಒಯ್ದರು. ಬುಸ್ರಾದ ಆಡಳಿತಗಾರನಿಗೆ ಬರೆದ ಪತ್ರವನ್ನು ಒಯ್ದ ಹಾರಿಸ್ ಬಿನ್ ಉಮೈರ್(ರ) ಅವರನ್ನು ದಾರಿಯಲ್ಲೇ ಹಿಡಿದು ಕೊಂದರು. ಹಿಜರಿ 8ರಲ್ಲಿ ಮುಅ್ತಾಕ್ಕೆ ಸೈನ್ಯ ಹೊರಟದ್ದಕ್ಕೆ ಒಬ್ಬ ಪತ್ರವಾಹಕನ ಕೊಲೆಯೇ ಕಾರಣವಾಯಿತು. ಪತ್ರ ತಂದವನ ಮೇಲೆ ಕೈಮಾಡಬಾರದು ಎಂಬುದು ಆ ಕಾಲದ ಜನರೆಲ್ಲ ಒಪ್ಪಿದ್ದ ಮರ್ಯಾದೆ.

ಆಮೇಲೆ ರಾಜ್ಯ ಬೆಳೆಯಿತು. ಮುಆವಿಯಾ(ರ) ಅವರ ಕಾಲದಲ್ಲಿ 'ಬರೀದ್' ಎಂಬ ಟಪ್ಪಾಲು ವ್ಯವಸ್ಥೆ ಶುರುವಾಯಿತು. ಅಬ್ದುಲ್ ಮಲಿಕ್ ಅದನ್ನು ಬಲಪಡಿಸಿದರು. ದಾರಿಯುದ್ದಕ್ಕೂ ತಂಗುದಾಣ, ಬದಲಿ ಕುದುರೆ, ಒಂಟೆ. ಆದರೆ ಬರೀದ್‌ನ ಅಧಿಕಾರಿ ಪತ್ರ ಸಾಗಿಸುವುದರ ಜೊತೆಗೆ ಊರಿನ ಸುದ್ದಿಯನ್ನೂ ಖಲೀಫರಿಗೆ ಕಳುಹಿಸಬೇಕಿತ್ತು. ಅಬ್ಬಾಸೀ ಖಲೀಫ ಮನ್ಸೂರ್ ತನ್ನ ಬಾಗಿಲಲ್ಲಿ ನಾಲ್ಕು ಜನ ಪ್ರಾಮಾಣಿಕರು ಬೇಕೆಂದು ಬಯಸಿದ್ದನ್ನು ತಬರೀ ದಾಖಲಿಸಿದ್ದಾರೆ: ಖಾಝಿ, ಪೊಲೀಸ್ ಮುಖ್ಯಸ್ಥ, ತೆರಿಗೆಯವನು, ಮತ್ತು ಈ ಮೂವರ ಬಗ್ಗೆ ಸತ್ಯ ವರದಿ ಕೊಡುವ ಬರೀದ್‌ನವನು.

ನಮ್ಮ ದೇಶದಲ್ಲೂ ಹಾಗೆಯೇ. 1333ರಲ್ಲಿ ಸಿಂಧೂ ನದಿ ದಾಟಿ ಬಂದ ಇಬ್ನ್ ಬತೂತ ಮುಹಮ್ಮದ್ ಬಿನ್ ತುಘಲಕ್‌ನ ಟಪ್ಪಾಲನ್ನು ಕಂಡು ಬೆರಗಾಗಿದ್ದಾರೆ. (ನಮ್ಮ ಮಂಗಳೂರಿಗೂ ಬಂದು, ಇಲ್ಲಿ ಸುಮಾರು 4,000 ಮುಸ್ಲಿಮರಿದ್ದಾರೆಂದು ಬರೆದವರು ಇವರೇ.) ಕುದುರೆ ಟಪ್ಪಾಲು ಒಂದು, ಕಾಲ್ನಡೆಯ ಟಪ್ಪಾಲು ಇನ್ನೊಂದು. ಒಂದು ಮೈಲಿಯಲ್ಲಿ ಮೂರು ಕಡೆ ಓಟಗಾರರ ಠಾಣೆ. ಓಟಗಾರನ ಒಂದು ಕೈಯಲ್ಲಿ ಪತ್ರ, ಇನ್ನೊಂದರಲ್ಲಿ ತುದಿಗೆ ತಾಮ್ರದ ಗೆಜ್ಜೆ ಕಟ್ಟಿದ ಕೋಲು. ಗೆಜ್ಜೆಯ ಸದ್ದು ಕೇಳಿದ ಕೂಡಲೇ ಮುಂದಿನವನು ಎದ್ದು ಸಿದ್ಧನಾಗುತ್ತಿದ್ದ. ಸಿಂಧ್‌ನಿಂದ ದೆಹಲಿಗೆ 50 ದಿನದ ದಾರಿ. ಟಪ್ಪಾಲು 5 ದಿನದಲ್ಲಿ ಮುಟ್ಟುತ್ತಿತ್ತು. ಹೊಸಬನೊಬ್ಬ ಗಡಿ ದಾಟಿದರೆ ಅವನ ಮುಖ, ಉಡುಪು, ಜೊತೆಗಿರುವ ಆಳುಗಳು, ಎಲ್ಲದರ ವರದಿ ಅವನಿಗಿಂತ ಮುಂಚೆ ಸುಲ್ತಾನನಿಗೆ ತಲುಪುತ್ತಿತ್ತು. ಇಬ್ನ್ ಬತೂತರ ವರದಿಯೂ ಹಾಗೆಯೇ ಹೋಯಿತು.

ಮೈಸೂರಿನಲ್ಲಿ ಚಿಕ್ಕದೇವರಾಜ ಒಡೆಯರು 1672ರಲ್ಲಿ ಅಂಚೆ ಸ್ಥಾಪಿಸಿದರು. ಹಳಗನ್ನಡದಲ್ಲಿ ಅಂಚೆ ಎಂದರೆ ಹಂಸ. ಎಷ್ಟು ಚಂದದ ಹೆಸರು! ಆದರೆ ಆ ಅಂಚೆಯವರಿಗೂ ಊರಿನ ಗುಟ್ಟನ್ನು ಅರಮನೆಗೆ ತಿಳಿಸುವ ಕೆಲಸವಿತ್ತು, ಹೈದರ್ ಅಲಿಯ ಕಾಲದಲ್ಲಿ ಅದು ಇನ್ನೂ ಬಲವಾಯಿತು. 1889ರಲ್ಲಿ ಮೈಸೂರು ಅಂಚೆ ಬ್ರಿಟಿಷ್ ಭಾರತದ ಅಂಚೆಯಲ್ಲಿ ಸೇರಿಹೋಯಿತು. ನಮ್ಮ ಕರಾವಳಿ ಮಾತ್ರ 1799ರಲ್ಲೇ ಕಂಪೆನಿಯ ಕೈಗೆ ಹೋಗಿ ಮದರಾಸಿನ ಆಡಳಿತಕ್ಕೆ ಸೇರಿತ್ತು. ಅದಕ್ಕೇ ಇಲ್ಲಿಯ ಹಿರಿಯರ ಬಾಯಲ್ಲಿ ಇಂದಿಗೂ 'ಟಪ್ಪಾಲು'. 1854ರಲ್ಲಿ, ದೂರ ಎಷ್ಟಿದ್ದರೂ ತೂಕಕ್ಕೆ ತಕ್ಕ ಒಂದೇ ದರ ಎಂಬ ಪದ್ಧತಿ ಬಂತು. ಬಡವನೂ ಕಾಗದ ಹಾಕುವಂತಾಯಿತು. ಆದರೂ 1898ರ ಅಂಚೆ ಕಾಯಿದೆಯಲ್ಲಿ ಸರಕಾರ ಪತ್ರವನ್ನು ತಡೆದು ನೋಡಬಹುದು ಎಂಬ ಕಲಂ ಇತ್ತು. ಅದರ ಜಾಗಕ್ಕೆ ಬಂದ 2023ರ ಕಾಯಿದೆಯಲ್ಲೂ ಅಂಥ ಅಧಿಕಾರ ಇದೆ.

ಇಷ್ಟು ಹೇಳಿದ್ದು ಪೋಸ್ಟಣ್ಣನ ಗಾತ್ರ ತಿಳಿಯಲೆಂದು. ಖಲೀಫರ ಕಾಲದಿಂದ ಬಂದ ಒಂದು ಕೆಲಸದ ಅರ್ಧವನ್ನು ಅವರು ಮಾಡಿದರು, ಇನ್ನರ್ಧವನ್ನು ಮಾಡಲಿಲ್ಲ.

ಪೇಟೆಯ ದೊಡ್ಡ ಪೋಸ್ಟಾಫೀಸಿನಿಂದ ಚೀಲ ಬಸ್ಸಿನಲ್ಲಿ ಬರುತ್ತಿತ್ತು. ಮುದ್ರೆ ಹಾಕಿ, ಮನೆಗಳ ಕ್ರಮಕ್ಕೆ ಜೋಡಿಸಿ, ಲುಹರ್ ಬಾಂಗ್‌ಗೆ ಮುಂಚೆ ಅವರು ಸೈಕಲ್ ಹತ್ತುತ್ತಿದ್ದರು. ತೋಡಿನ ಆಚೆಗೆ ಸೈಕಲ್ ಹೋಗದು; ಅದನ್ನು ಅಂಗಡಿಯ ಹತ್ತಿರ ಒರಗಿಸಿ, ಅಡಿಕೆ ಮರದ ಸಂಕ ದಾಟಿ ನಡೆಯುತ್ತಿದ್ದರು. ಆಟಿಯ ಮಳೆಯಲ್ಲಿ ತಾವು ನೆನೆದರೂ ಚೀಲ ಮಾತ್ರ ಪ್ಲಾಸ್ಟಿಕ್ಕಿನ ಒಳಗೆ ಒಣಗಿಯೇ ಇರುತ್ತಿತ್ತು.

ಆ ಕಾಲದ ನಮ್ಮ ಉಮ್ಮಂದಿರಲ್ಲಿ ಹೆಚ್ಚಿನವರಿಗೆ ಕನ್ನಡ ಓದಲು ಬಾರದು. ಅರಬಿ-ಮಲಯಾಳ ಲಿಪಿ ಕೆಲವರಿಗೆ ಬರುತ್ತಿತ್ತು. ಆ ಲಿಪಿಯ ಕಾಗದವನ್ನು ಮದ್ರಸದ ಉಸ್ತಾದರು ಓದಿ ಹೇಳುತ್ತಿದ್ದರು, ಕನ್ನಡದ್ದನ್ನು ಪೋಸ್ಟಣ್ಣ. ಚಾವಡಿಯ ಮೆಟ್ಟಿಲಲ್ಲಿ ಕುಳಿತು, ಬಾಗಿಲ ಹಿಂದೆ ನಿಂತವರಿಗೆ ಕೇಳುವಷ್ಟು ಮಾತ್ರ ದನಿಯಲ್ಲಿ ಓದುತ್ತಿದ್ದರು. ಗಂಡ ಹೆಂಡತಿಗೆ ಬರೆದ ಸಾಲು ಬಂದರೆ, "ಇಲ್ಲಿ ಎರಡು ಸಾಲು ನಿಮಗೆ ಮಾತ್ರ ಇದೆ, ಯಾರಾದರೂ ಹೆಣ್ಣುಮಕ್ಕಳ ಹತ್ತಿರ ಓದಿಸಿಕೊಳ್ಳಿ" ಎಂದು ಬೆರಳಿಟ್ಟು ಜಾಗ ತೋರಿಸುತ್ತಿದ್ದರಂತೆ. ಹೆಬ್ಬೆಟ್ಟು ಒತ್ತುವವರಿಗೆ ಸಾಕ್ಷಿ ಬೇಕಲ್ಲ, ಅದಕ್ಕೆ ನೆರೆಮನೆಯವರನ್ನು ಕರೆದರೂ ಮೊತ್ತ ಬರೆದ ಜಾಗದ ಮೇಲೆ ಅಂಗೈ ಇಟ್ಟುಕೊಂಡೇ ಸಹಿ ಹಾಕಿಸುತ್ತಿದ್ದರು. ಸಾಲ ಕೊಟ್ಟವರು, ಹೆಣ್ಣು ಕೊಡುವವರು, ಜಾಗ ಮಾರುವವರು ಅವರನ್ನು ದಾರಿಯಲ್ಲಿ ನಿಲ್ಲಿಸಿ ಕೇಳುವುದಿತ್ತು: "ಆ ಮನೆಗೆ ಹಣ ಬರುತ್ತಿದೆಯಾ?" ಅವರ ಉತ್ತರ ಯಾವಾಗಲೂ ಒಂದೇ: "ಕವರಿನ ಹೊರಗೆ ವಿಳಾಸ ಮಾತ್ರ ಇರುವುದು."

1990ರ ಆಗಸ್ಟ್ 2ರಂದು ಇರಾಕ್ ಕುವೈತನ್ನು ಆಕ್ರಮಿಸಿತು. ನನಗಾಗ ಹತ್ತು ವರ್ಷ. ನಮ್ಮ ಮಹಲ್ಲ್‌ನ ಐದು ಮನೆಗಳ ಗಂಡಸರು ಅಲ್ಲಿದ್ದರು. ಫೋನ್ ಇಲ್ಲ, ಕಾಗದ ನಿಂತುಹೋಯಿತು. ಮಸೀದಿಯಲ್ಲಿ ದುಆ, ಮನೆಗಳಲ್ಲಿ ಯಾಸೀನ್. ಮಾಮೂಲಿಯಾಗಿ ಕಾಗದ ಇಲ್ಲದ ಮನೆಯ ಮುಂದೆ ಪೋಸ್ಟ್‌ಮ್ಯಾನ್ ನಿಲ್ಲುವುದಿಲ್ಲ. ಆ ಆಗಸ್ಟ್‌ನಲ್ಲಿ ಪೋಸ್ಟಣ್ಣ ಐದೂ ಮನೆಗಳಿಗೆ ದಿನಾ ಹೋಗುತ್ತಿದ್ದರು, ಬರಿಗೈಯಲ್ಲಿ. "ಇವತ್ತು ಇಲ್ಲ ಉಮ್ಮ. ನಾಳೆ ನೋಡುವ." ಇಷ್ಟೇ ಮಾತು. ಕಾಗದವೇ ಇಲ್ಲದಿದ್ದರೆ ಯಾಕೆ ಹೋಗುತ್ತೀರಿ ಎಂದು ನನ್ನ ಬಾಪ ಕೇಳಿದ್ದಕ್ಕೆ ಅವರು ಹೇಳಿದ್ದು ನನಗೆ ಇನ್ನೂ ನೆನಪಿದೆ. "ನಾನು ನಿಲ್ಲದೆ ಹೋದರೆ, ಪೋಸ್ಟಣ್ಣನಿಗೆ ಏನೋ ಗೊತ್ತಾಗಿದೆ, ಮುಖ ತಪ್ಪಿಸುತ್ತಿದ್ದಾನೆ ಅಂದುಕೊಳ್ಳುತ್ತಾರೆ. ರಾತ್ರಿ ನಿದ್ದೆ ಬರುತ್ತದಾ ಅವರಿಗೆ?"

ಸರಕಾರ ಅಮ್ಮಾನ್‌ನಿಂದ ಮುಂಬೈಗೆ ವಿಮಾನಗಳನ್ನು ಹಾರಿಸಿತು. 1,70,000ಕ್ಕೂ ಹೆಚ್ಚು ಭಾರತೀಯರು ಮರಳಿ ಬಂದರು. ಅಷ್ಟು ದೊಡ್ಡ ವಿಮಾನ ತೆರವು ಅದಕ್ಕಿಂತ ಹಿಂದೆ ನಡೆದಿರಲಿಲ್ಲ. ಪೇಪರಿನಲ್ಲಿ ಬಂದ ಆ ಸುದ್ದಿಯನ್ನೂ ಪೋಸ್ಟಣ್ಣ ಮನೆಮನೆಗೆ ಹೇಳುತ್ತಿದ್ದರು. ಸೆಪ್ಟೆಂಬರಿನಲ್ಲಿ ಒಂದು ದಿನ ಜೋರ್ಡಾನಿನ ಸ್ಟಾಂಪ್ ಇದ್ದ ಕವರ್ ಬಂತು. ಅಂದು ಅವರು ಬೀಟಿನ ಕ್ರಮವನ್ನೇ ಬಿಟ್ಟರು. ಚೀಲ ಬಿಚ್ಚಿದವರೇ ಆ ಒಂದು ಕವರ್ ಹಿಡಿದು ತೋಡು ದಾಟಿ ಹೋದರು, ಉಳಿದ ಟಪ್ಪಾಲು ಅಂದು ಎಲ್ಲರಿಗೂ ತಡ. ಒಬ್ಬರೂ ಗೊಣಗಲಿಲ್ಲ. ಅಕ್ಟೋಬರ್ ಮುಗಿಯುವುದರೊಳಗೆ ಐವರೂ ಬಂದು ಮುಟ್ಟಿದರು, ಅಲ್‌ಹಮ್ದುಲಿಲ್ಲಾಹ್. ಹತ್ತು ವರ್ಷದ ದುಡಿಮೆ ಅಲ್ಲೇ ಬಿಟ್ಟು, ಉಟ್ಟ ಬಟ್ಟೆಯಲ್ಲಿ.

ಇನ್ನೊಂದು ಘಟನೆಯನ್ನು ಆ ಮನೆಯವರ ಒಪ್ಪಿಗೆ ಪಡೆದು ಬರೆಯುತ್ತಿದ್ದೇನೆ. ಬಹಳ ದಿನ ಕಾಗದವಿಲ್ಲದೆ ಕಾದಿದ್ದ ಒಬ್ಬ ಹೆಣ್ಣುಮಗಳಿಗೆ ಗಂಡನಿಂದ ಕವರ್ ಬಂತು. ಅವಳೇ ಓದಿ ಹೇಳಿ ಎಂದು ಕೊಟ್ಟಳು. ಪೋಸ್ಟಣ್ಣ ಬಿಡಿಸಿ, ಒಂದೆರಡು ಸಾಲು ಮನಸ್ಸಿನಲ್ಲೇ ಓದಿ, ಮಡಚಿದರು. "ಕನ್ನಡಕ ತರಲಿಲ್ಲ ಮಗಳೇ. ಬಾಪ ಬಂದ ಮೇಲೆ ಓದಿಸಿಕೋ" ಎಂದು ಅವಳ ಕೈಗೇ ಕೊಟ್ಟು ಹೊರಟರು. ಕನ್ನಡಕ ಕಿಸೆಯಲ್ಲೇ ಇತ್ತು. ನೇರ ಅಂಗಡಿಗೆ ಹೋಗಿ ಅವಳ ಬಾಪನಿಗೆ, "ಮಗಳಿಗೆ ಕಾಗದ ಬಂದಿದೆ, ನೀವು ಈಗಲೇ ಮನೆಗೆ ಹೋಗಿ" ಎಂದರು. ಬೇರೇನೂ ಹೇಳಲಿಲ್ಲ. ಅದು ತಲಾಖಿನ ಕಾಗದ. ಮುಂದೆ ವಿಷಯ ಜಮಾಅತ್‌ಗೆ ಬಂತು, ನಡೆಯಬೇಕಾದ್ದು ನಡೆಯಿತು. ಆ ಕಾಗದವನ್ನು ಪೋಸ್ಟಣ್ಣ ನೋಡಿದ್ದರೆಂದು ಊರಿಗೆ ಗೊತ್ತಾದದ್ದು ಎಷ್ಟೋ ವರ್ಷಗಳ ಮೇಲೆ, ಅದೂ ಆ ಬಾಪನ ಬಾಯಿಂದಲೇ. ಕನ್ನಡಕದ ಸುಳ್ಳಿಗೆ ನನ್ನಲ್ಲಿ ಫತ್ವಾ ಕೇಳಬೇಡಿ.

ಆರ್.ಕೆ. ನಾರಾಯಣ್ ಅವರ 'ಮಾಲ್ಗುಡಿ ಡೇಸ್' ಕಥೆಗಳಲ್ಲಿ ತಾನಪ್ಪ ಎಂಬ ಪೋಸ್ಟ್‌ಮ್ಯಾನ್ ಬರುತ್ತಾನೆ. ಶಂಕರ್‌ನಾಗ್ ಆಗುಂಬೆಯಲ್ಲಿ ಚಿತ್ರಿಸಿದ ಧಾರಾವಾಹಿಯನ್ನು ನಮ್ಮ ಪ್ರಾಯದವರು ಮರೆತಿಲ್ಲ. ಆ ಕಥೆಯಲ್ಲಿ, ಒಂದು ಮನೆಯ ಮದುವೆ ನಿಂತುಹೋಗಬಾರದೆಂದು ತಾನಪ್ಪ ಸಾವಿನ ಸುದ್ದಿಯನ್ನೇ ಅಡಗಿಸಿಟ್ಟು, ಮದುವೆ ಮುಗಿದ ಮೇಲೆ ಕೊಡುತ್ತಾನೆ. ಪ್ರೀತಿಯಿಂದ ಮಾಡಿದ್ದು ಹೌದು. ಆದರೂ ನನಗೆ ಪೋಸ್ಟಣ್ಣನ ದಾರಿಯೇ ಹೆಚ್ಚು ಸರಿ ಎನಿಸುತ್ತದೆ. ಅವರು ಕಾಗದವನ್ನು ಒಂದು ಗಳಿಗೆಯೂ ತಡೆಯಲಿಲ್ಲ. ಅದು ಅವಳ ಹಕ್ಕು, ಅವಳ ಕೈಗೇ ಕೊಟ್ಟರು. ಯಾರ ದನಿಯಲ್ಲಿ ಅವಳು ಅದನ್ನು ಕೇಳಬೇಕು ಎಂಬುದನ್ನು ಮಾತ್ರ ಆರಿಸಿದರು.

ಹಳ್ಳಿಯ ಇಂಥ ಪೋಸ್ಟ್‌ಮ್ಯಾನ್‌ಗಳಲ್ಲಿ ಹೆಚ್ಚಿನವರು ಇಲಾಖೆಯ ಪೂರ್ಣ ನೌಕರರಲ್ಲ ಎಂಬುದು ಬಹಳ ಜನರಿಗೆ ಗೊತ್ತಿಲ್ಲ. ಹಿಂದೆ ಇ.ಡಿ. ಏಜೆಂಟ್ ಎನ್ನುತ್ತಿದ್ದರು, ಈಗ ಗ್ರಾಮೀಣ ಡಾಕ್ ಸೇವಕ್. ದಿನಕ್ಕೆ ನಾಲ್ಕೈದು ಗಂಟೆಯ ಕೆಲಸ ಎಂದು ಲೆಕ್ಕ, 65ಕ್ಕೆ ನಿವೃತ್ತಿ, ಇಲಾಖೆಯ ನೌಕರರಿಗಿರುವ ಪಿಂಚಣಿ ಇಲ್ಲ. ದೇಶದ ಒಂದೂವರೆ ಲಕ್ಷಕ್ಕೂ ಮೀರಿದ ಪೋಸ್ಟಾಫೀಸುಗಳಲ್ಲಿ ನೂರಕ್ಕೆ ತೊಂಬತ್ತರಷ್ಟು ಹಳ್ಳಿಗಳಲ್ಲೇ ಇರುವುದು. ಅವು ನಡೆಯುವುದು ಇವರ ಕಾಲಿನ ಮೇಲೆ. ಪೋಸ್ಟಣ್ಣನೂ ಇವರಲ್ಲಿ ಒಬ್ಬರು. ಸಂಜೆ ಬೀಡಿ ಎಲೆ ಕತ್ತರಿಸಿ, ಒಂದು ದನ ಸಾಕಿ ಸಂಸಾರ ತೂಗಿಸಿದರು.

ಎಸ್‌ಟಿಡಿ ಬೂತ್ ಬಂತು, ಮೊಬೈಲ್ ಬಂತು, ಕೆಂಪು-ನೀಲಿ ಅಂಚಿನ ಕವರುಗಳು ಕಡಿಮೆಯಾದವು. 2013ರ ಜುಲೈಯಲ್ಲಿ ತಂತಿ ಸೇವೆಯೂ ನಿಂತಿತು. ಕೊನೆಯ ವರ್ಷಗಳಲ್ಲಿ ಅವರ ಚೀಲದಲ್ಲಿ ಇದ್ದದ್ದು ಬ್ಯಾಂಕಿನ ನೋಟೀಸು, ಆಧಾರ್ ಕಾರ್ಡು, ಮುದುಕರ ಮತ್ತು ವಿಧವೆಯರ ಪಿಂಚಣಿಯ ಮನಿಯಾರ್ಡರು. ತಮಗಿಲ್ಲದ ಪಿಂಚಣಿಯನ್ನು ಎಣಿಸಿ ಎಣಿಸಿ ಇತರರ ಕೈಗಿಡುತ್ತಿದ್ದರು. ಚಿಲ್ಲರೆ ಇಟ್ಟುಕೊಳ್ಳಿ ಎಂದರೆ ಬೇಡವೆನ್ನುತ್ತಿದ್ದರು, ಒಂದು ಲೋಟ ಚಾಯ ಮಾತ್ರ ಆಗಬಹುದು. ರಮಝಾನಿನಲ್ಲಿ ಅದೂ ಬೇಡ. ನೀವು ಉಪವಾಸ ಇರುವಾಗ ನನಗೆ ಯಾಕೆ ಒಲೆ ಹಚ್ಚುತ್ತೀರಿ ಎಂದು ನೀರೂ ಕುಡಿಯದೆ ಹೋಗುತ್ತಿದ್ದರು.

ಅವರು ತೀರಿಕೊಂಡ ದಿನ ಮಹಲ್ಲ್‌ನ ಗಂಡಸರು ಅವರ ಅಂಗಳದಲ್ಲಿದ್ದರು. ಸೌದೆ ಹೊತ್ತವರಲ್ಲಿ ನಮ್ಮ ಹುಡುಗರೂ ಇದ್ದರು. ಅವರಲ್ಲಿ ಕೆಲವರಿಗೆ ಕಾಗದ ಎಂದರೇನೆಂದೇ ಗೊತ್ತಿಲ್ಲ, ಉಮ್ಮಂದಿರು ಹೋಗು ಎಂದದ್ದಕ್ಕೆ ಬಂದವರು.

ಈಗ ಒಂದು ವಿನಂತಿ. ನಮ್ಮ ಮಹಲ್ಲ್‌ನ ಗಲ್ಫ್ ಕಾಲದ ಚರಿತ್ರೆಯನ್ನು ಬರೆದಿಡಬೇಕೆಂದು ಕಮಿಟಿಯಲ್ಲಿ ಮಾತಾಗಿದೆ. ಹಳೆಯ ಕಾಗದ, ಕವರು, ಡ್ರಾಫ್ಟಿನ ರಶೀದಿ ಇದ್ದವರು ಮದ್ರಸದ ಆಫೀಸಿಗೆ ತಂದರೆ ಅಲ್ಲೇ ಫೋಟೋ ತೆಗೆದು ಅಸಲನ್ನು ಹಿಂದೆ ಕೊಡುತ್ತೇವೆ. ಇದುವರೆಗೆ ಎರಡು ಬಿಸ್ಕತ್ತಿನ ಡಬ್ಬಿ ತುಂಬ ಬಂದಿವೆ. ಮನೆಯ ಒಳಗಿನ ಮಾತು ಇರುವ ಕಾಗದ ತರಬೇಡಿ. ಅದರ ಕವರು ಮಾತ್ರ ಸಾಕು, ವಿಳಾಸ ಮತ್ತು ನಮ್ಮೂರ ಪೋಸ್ಟಾಫೀಸಿನ ಮುದ್ರೆ ಕಾಣುವಂತಿದ್ದರೆ ಆಯಿತು.