ನಮ್ಮ ಇಗರ್ಜಿಯ ಚಕ್ಕುಬಂದಿ

"ಪೂರ್ವಕ್ಕೆ ಹಲಸಿನ ಮರ, ಪಶ್ಚಿಮಕ್ಕೆ ತೋಡು, ದಕ್ಷಿಣಕ್ಕೆ ಅಗಳು, ಉತ್ತರಕ್ಕೆ ಕಟ್ಟಪುಣಿ." ದಾನಿಗಳಿಂದ ನಮ್ಮ ಇಗರ್ಜಿಗೆ ಬಂದ ಹಳೆಯ ದಸ್ತಾವೇಜಿನಲ್ಲಿರುವ ಚಕ್ಕುಬಂದಿ ಇಷ್ಟೇ. ವಿಸ್ತೀರ್ಣವನ್ನು ಹಳೆಯ ಕೆನರಾದ ರೂಢಿಯಂತೆ ಬಿತ್ತುವ ಬೀಜದ ಮುಡಿಯಲ್ಲಿ ಹೇಳಿದೆ; ಮುಡಿಯ ಅಳತೆಯೋ ಊರಿಂದೂರಿಗೆ ಬೇರೆ. ಅದನ್ನು 435.6 ಚದರಡಿಯ ಸೆಂಟ್ಸಿಗೆ ಇಳಿಸುವುದು ಯಾವ ಮೋಜಣಿದಾರನಿಗೂ ಸುಲಭವಲ್ಲ.

ನಾವು ಅಳತೆಗೆ ನಿಂತಾಗ ಹಲಸಿನ ಮರವಿರಲಿಲ್ಲ; ತೋಡು ನೆರೆಯಲ್ಲಿ ಪಾತ್ರ ಬದಲಿಸಿ ಪೂರ್ವಕ್ಕೆ ಸರಿದಿತ್ತು. ಈಗಿನ ನೀರನ್ನೇ ಗಡಿಯೆಂದು ಹಿಡಿದರೆ ಶ್ಮಶಾನದ ಕೊನೆಯ ಸಾಲಿನ ಸಮಾಧಿಗಳು ನೆರೆಯವರ ಜಾಗಕ್ಕೆ ಸೇರುತ್ತಿದ್ದವು. ಸರಪಳಿಗಿಂತ ಹಿರಿಯರ ನೆನಪೇ ನಮಗೆ ಒದಗಿತೆಂದು ಹೇಳಲು ಸಂಕೋಚವಿಲ್ಲ. ಪೊದೆ ಕಡಿಸಿ, ಹಳೆಯ ತೋಡಿನ ದರೆಯನ್ನೂ ಅಲ್ಲಿ ಹುಗಿದಿದ್ದ ಗಡಿಕಲ್ಲನ್ನೂ ತೋರಿಸಿಕೊಟ್ಟವರು ಆ ನೆರೆಮನೆಯ ಯಜಮಾನರೇ.