ಇಕ್ಕೇರಿಯ ಎರಡು ಕಂಬಗಳ ನಡುವೆ

ಶಾಲೆಯಲ್ಲಿ ಶಿಸ್ತು ಎಂದರೆ ಸಾಲಿನಲ್ಲಿ ನಿಲ್ಲುವುದು, ಉಗುರು ಕತ್ತರಿಸಿಕೊಂಡು ಬರುವುದು, ಬೆಲ್ಲು ಹೊಡೆದ ಮೇಲೆ ಮಾತಾಡದೆ ಇರುವುದು. ಹೀಗಾಗಿ ಕೆಳದಿ ಅರಸರ ಪಾಠದಲ್ಲಿ ‘ಶಿವಪ್ಪನಾಯಕನ ಶಿಸ್ತು’ ಎಂಬ ಮಾತು ಬಂದಾಗ ನಮ್ಮ ಮಕ್ಕಳು ಬೆತ್ತ ಹಿಡಿದ ಅರಸನೊಬ್ಬನನ್ನು ಕಲ್ಪಿಸಿಕೊಂಡು ಬೆನ್ನು ನೆಟ್ಟಗೆ ಮಾಡಿ ಕೂರುತ್ತಾರೆ. ಅದು ಬೆತ್ತದ ಶಿಸ್ತಲ್ಲ, ತೆರಿಗೆಯ ಲೆಕ್ಕ ಎಂದು ನಾನು ಹೇಳಿದೊಡನೆ ಬೆನ್ನುಗಳು ಮತ್ತೆ ಬಾಗುತ್ತವೆ. ತೆರಿಗೆ ಎಂದರೆ ಮಕ್ಕಳಿಗೆ ಬೇಸರ. ದೊಡ್ಡವರಿಗೂ ಬೇಸರವೇ ಅನ್ನಿ. ಕಳೆದ ಕೊಯ್ಲಿನ ಕಾಲದವರೆಗೆ ನನಗೂ ಅದು ಪರೀಕ್ಷೆಗೆ ಬರುವ ನಾಲ್ಕು ಅಂಕದ ಪ್ರಶ್ನೆ ಮಾತ್ರವಾಗಿತ್ತು.

ಆ ಸಲ ನನ್ನ ತಮ್ಮನ ಮಗಳು ಬೆಂಗಳೂರಿನಿಂದ ಬಂದು ತೀರ್ಥಹಳ್ಳಿಯ ನಮ್ಮ ಮನೆಯಲ್ಲಿ ಹದಿನೈದು ದಿನ ಇದ್ದಳು. ಕೆಲಸಕ್ಕೆ ರಜೆ ಹಾಕಿರಲಿಲ್ಲ, ಕೆಲಸವನ್ನೇ ಹೊತ್ತು ತಂದಿದ್ದಳು. ರಾತ್ರಿ ಜಗಲಿಯಲ್ಲಿ ಹೆಂಗಸರು ಮೆಟ್ಟುಗತ್ತಿ ಇಟ್ಟುಕೊಂಡು ಅಡಿಕೆ ಸುಲಿಯುತ್ತಿದ್ದರೆ ಒಳಗಿನ ಕೋಣೆಯಲ್ಲಿ ಇವಳು ಕಂಪ್ಯೂಟರ್ ಮುಂದೆ ಕೂತಿರುತ್ತಿದ್ದಳು. ಒಂದು ರಾತ್ರಿ ಕಷಾಯ ಕೊಡಲು ಹೋದವಳು ಏನು ಕೆಲಸವೇ ನಿನ್ನದು ಎಂದು ಕೇಳಿದೆ.

“ತೆರಿಗೆ ಸೀಮೆ ನೋಡಿಕೊಳ್ಳೋದು ಅತ್ತೆ” ಎಂದಳು. ಸೀಮೆ ಎಂಬ ಮಾತು ಅವಳ ಬಾಯಲ್ಲಿ ಬಂದದ್ದು ನನಗೆ ಖುಷಿಯಾಯಿತು. ಅವಳು ಕೆಲಸ ಮಾಡುವ ಕಂಪನಿ ಬೇರೆ ಬೇರೆ ವ್ಯಾಪಾರಿಗಳ ಪರವಾಗಿ ಯಾವ ಸರಕಿಗೆ ಯಾವ ಊರಿನ ತೆರಿಗೆ ಎಂದು ಲೆಕ್ಕ ಹಾಕುತ್ತದೆ. ಪರದೆಯ ಮೇಲೆ ಇಸ್ಪೀಟು ಎಲೆಗಳ ಹಾಗೆ ಸಾಲುಸಾಲಾಗಿ ಚೀಟಿಗಳು. ಒಂದೊಂದು ಚೀಟಿಯೂ ಒಂದೊಂದು ತೆರಿಗೆ ಸೀಮೆ. ಯಾರು ನೋಡಬೇಕು, ಯಾವ ತಾರೀಕಿನೊಳಗೆ ಕಟ್ಟಬೇಕು, ಆಯಿತೋ ಇಲ್ಲವೋ ಎಲ್ಲವೂ ಅದರ ಮೇಲೆ. ಬಾಕಿ, ನಡೆಯುತ್ತಿದೆ, ಮುಗಿಯಿತು ಎಂದು ಮೂರು ಕಂಬ ಸಾಲು. ಕೆಲಸ ಆದ ಹಾಗೆ ಚೀಟಿಯನ್ನು ಒಂದು ಸಾಲಿನಿಂದ ಇನ್ನೊಂದಕ್ಕೆ ಎಳೆಯಬೇಕು.

ನಮ್ಮ ದೇಶದ ಚೀಟಿಗಳು ಕಡಿಮೆ. 2017ರ ಜುಲೈ 1ರಂದು ಜಿಎಸ್‌ಟಿ ಬಂದ ಮೇಲೆ ರಾಜ್ಯದೊಳಗೇ ಮಾರಿದರೆ ತೆರಿಗೆ ಕೇಂದ್ರಕ್ಕರ್ಧ, ರಾಜ್ಯಕ್ಕರ್ಧ. ರಾಜ್ಯ ದಾಟಿದರೆ ಐಜಿಎಸ್‌ಟಿ. ವ್ಯಾಪಾರಿಯ ಹದಿನೈದು ಅಕ್ಷರದ ನೋಂದಣಿ ಸಂಖ್ಯೆಯ ಮೊದಲೆರಡು ಅಂಕಿಯೇ ಅವನ ರಾಜ್ಯ. ಕರ್ನಾಟಕಕ್ಕೆ 29, ಕೇರಳಕ್ಕೆ 32. ಒಣ ಅಡಿಕೆಗೆ ನೂರಕ್ಕೆ 5. ಅದು ತೀರ್ಥಹಳ್ಳಿಯಿಂದ ಮಂಗಳೂರಿಗೆ ಹೋದರೆ ಎರಡೂವರೆ, ಎರಡೂವರೆ ಎಂದು ಒಡೆಯುತ್ತದೆ. ಕಾಸರಗೋಡಿಗೆ ಹೋದರೆ ಇಡಿಯಾಗಿ ಐದು. ಆದರೆ ಅಮೆರಿಕದ ಚೀಟಿಗಳು ಮುಗಿಯುವುದೇ ಇಲ್ಲವಂತೆ. ಅಲ್ಲಿ ಮಾರಾಟ ತೆರಿಗೆಯನ್ನು ರಾಜ್ಯ ಹಾಕುತ್ತದೆ, ಅದರ ಮೇಲೆ ಜಿಲ್ಲೆಯಂಥ ಕೌಂಟಿ ಹಾಕುತ್ತದೆ, ಅದರ ಮೇಲೆ ಪಟ್ಟಣವೂ ಹಾಕಬಹುದು. ಇಂಥ ಸೀಮೆಗಳು ಹತ್ತು ಸಾವಿರಕ್ಕೂ ಹೆಚ್ಚು. ಅಂಗಡಿಯೇ ಇಲ್ಲದ ರಾಜ್ಯದಲ್ಲಿ ಮಾರಿದರೂ ಆ ರಾಜ್ಯ ತೆರಿಗೆ ವಸೂಲು ಮಾಡಿಸಬಹುದು ಎಂದು ಅಲ್ಲಿನ ಸುಪ್ರೀಂ ಕೋರ್ಟು 2018ರಲ್ಲಿ ಸೌತ್ ಡಕೋಟಾ ರಾಜ್ಯದ ಮೊಕದ್ದಮೆಯಲ್ಲಿ ಹೇಳಿದ ಮೇಲೆ ಇವಳಂಥವರಿಗೆ ಕೈತುಂಬ ಕೆಲಸ.

ಆ ರಾತ್ರಿ ಅವಳ ಎದುರಿಗಿದ್ದದ್ದು ಒಂದು ಚಿಕ್ಕ ತಕರಾರು. ಅಲ್ಲಿನ ಒಂದು ಮನೆಯ ಅಂಚೆ ಸಂಖ್ಯೆಯೇನೋ ಪಟ್ಟಣದ್ದು, ಮನೆ ಮಾತ್ರ ಪಟ್ಟಣದ ಗಡಿಯ ಆಚೆ. ಅಂಚೆಯ ಗಡಿಯೂ ತೆರಿಗೆಯ ಗಡಿಯೂ ಒಂದೇ ಅಲ್ಲ. ಸಾಫ್ಟ್‌ವೇರು ಅಂಚೆ ಸಂಖ್ಯೆಯನ್ನು ನಂಬಿ ಪಟ್ಟಣದ ತೆರಿಗೆಯನ್ನೂ ಸೇರಿಸಿಬಿಟ್ಟಿತ್ತು. ಕೊಂಡವರು ನಮ್ಮ ಮನೆ ಪಟ್ಟಣದೊಳಗಿಲ್ಲ ಎಂದು ಬರೆದಿದ್ದರು. ಮೊತ್ತ ತೀರ ಸಣ್ಣದು. “ಇಂಥದ್ದಕ್ಕೆಲ್ಲ ಯಾರು ತಲೆ ಕೆಡಿಸಿಕೊಳ್ತಾರೆ ಅತ್ತೆ, ಮುಗಿಯಿತು ಅಂತ ಎಳೆದುಬಿಡೋದು” ಎಂದು ಆಕಳಿಸಿದಳು.

ನಾನು ಕಷಾಯದ ಲೋಟ ಅಲ್ಲೇ ಇಟ್ಟು ಕೂತೆ. ನನಗೆ ಅಪ್ಪನ ನೆನಪಾಯಿತು. ಅಪ್ಪನ ಮಾತಿಗೆ ಹೋಗುವ ಮೊದಲು ಶಿವಪ್ಪನಾಯಕನ ಶಿಸ್ತನ್ನು ಹೇಳಬೇಕು. ಏಕೆಂದರೆ ನಾನು ಅವಳಿಗೂ ಮೊದಲು ಹೇಳಿದ್ದು ಅದನ್ನೇ.

ಶಿವಪ್ಪನಾಯಕ ಬಿದನೂರಿನಲ್ಲಿ ಆಳಿದ್ದು 1645ರಿಂದ 1660ರವರೆಗೆ. ಬಿದನೂರೆಂದರೆ ಹೊಸನಗರ ತಾಲ್ಲೂಕಿನ ಇಂದಿನ ನಗರ. ಅವನು ಭೂಮಿಯನ್ನು ಫಲವತ್ತತೆಗೆ ತಕ್ಕಂತೆ ಐದು ತರಗತಿಗಳಾಗಿ ವಿಂಗಡಿಸಿದ. ಒಂದೊಂದು ತರಗತಿಯ ಗದ್ದೆಯನ್ನೂ ಅರಮನೆಯ ಲೆಕ್ಕದಲ್ಲಿ ಹನ್ನೆರಡು ವರ್ಷ ಸಾಗುವಳಿ ಮಾಡಿಸಿ, ಬಿತ್ತಿದ್ದೆಷ್ಟು, ಬೆಳೆದದ್ದೆಷ್ಟು, ಮಾರಿದ್ದೆಷ್ಟಕ್ಕೆ ಎಂದು ಬರೆಸಿ, ಅದರ ಸರಾಸರಿಯ ಮೇಲೆ ಹುಟ್ಟುವಳಿಯ ಮೂರನೆಯ ಒಂದು ಭಾಗವನ್ನು ಕಂದಾಯವೆಂದು ಗೊತ್ತುಮಾಡಿದನೆಂದು ಮೈಸೂರು ಗೆಜೆಟಿಯರು ಹೇಳುತ್ತದೆ. ಮೂರನೆಯ ಒಂದು ಭಾಗವೇನೂ ಕಡಿಮೆಯಲ್ಲ. ಅವನನ್ನು ಧರ್ಮರಾಯನೆಂದು ಹೊಗಳಲು ನಾನು ಇದನ್ನು ಬರೆಯುತ್ತಿಲ್ಲ.

ನನ್ನ ಮನಸ್ಸಿನಲ್ಲಿ ನಿಂತದ್ದು ಅಡಿಕೆ ತೋಟದ ಅಳತೆ. ತೋಟ ಅಳೆಯುವ ಕೋಲಿನ ಉದ್ದ ಎಷ್ಟಿರಬೇಕು? ಇಕ್ಕೇರಿಯ ಅಘೋರೇಶ್ವರ ದೇವಸ್ಥಾನದ ಎರಡು ಕಂಬಗಳ ನಡುವಿನ ಅಂತರದಷ್ಟು. ಈಗಿನ ಲೆಕ್ಕದಲ್ಲಿ ಹದಿನೆಂಟೂವರೆ ಅಡಿ. ಆ ಕೋಲಿನ ಒಂದು ಚದರ ಜಾಗ ಒಂದು ಮರಕ್ಕೆ. ಅದಕ್ಕೆ ದಾಯ ಎಂದು ಹೆಸರು. ಸಾವಿರ ದಾಯಕ್ಕೆ ಇಷ್ಟು ಎಂದು ತೆರಿಗೆ. ನಾನು ಶಾಲೆಯ ಅಂಗಳದಲ್ಲಿ ಸುಣ್ಣದ ಪುಡಿಯಿಂದ ಹದಿನೆಂಟೂವರೆ ಅಡಿಯ ಗೆರೆ ಎಳೆದು ತೋರಿಸುತ್ತೇನೆ. ನಾಲ್ಕು ಮಕ್ಕಳು ಕೈ ಚಾಚಿ ಬೆರಳಿಗೆ ಬೆರಳು ತಾಗಿಸಿ ನಿಂತರೆ ಹೆಚ್ಚುಕಡಿಮೆ ಅಷ್ಟಾಗುತ್ತದೆ.

ಇದರಲ್ಲಿ ಏನು ದೊಡ್ಡದು ಎಂದು ನೀವು ಕೇಳಬಹುದು. ಅಳತೆಯ ಕೋಲು ಶಾನುಭೋಗರ ಬಗಲಲ್ಲಿ ಇರುತ್ತದೆ. ಅದರ ತುದಿಯಿಂದ ಒಂದು ಗೇಣು ಕತ್ತರಿಸಿದರೆ ನಿಮ್ಮ ತೋಟದಲ್ಲಿ ದಾಯಗಳು ಹೆಚ್ಚುತ್ತವೆ, ಕಂದಾಯವೂ ಏರುತ್ತದೆ. ಆದರೆ ಕಲ್ಲಿನ ಕಂಬವನ್ನು ಬಗಲಲ್ಲಿ ಇಟ್ಟುಕೊಂಡು ಓಡಾಡುವುದು ಸಾಧ್ಯವಿಲ್ಲ. ಅನುಮಾನ ಬಂದ ಯಾವ ರೈತನಾದರೂ ಇಕ್ಕೇರಿಗೆ ನಡೆದುಹೋಗಿ, ದೇವರಿಗೆ ಕೈಮುಗಿದು, ಒಂದು ಬಳ್ಳಿ ಹಿಡಿದು ಕಂಬದಿಂದ ಕಂಬಕ್ಕೆ ಅಳೆದು ನೋಡಬಹುದು. ಹಾಗೆ ಎಷ್ಟು ಮಂದಿ ಹೋದರೋ ಬಿಟ್ಟರೋ, ಹೋಗಬಹುದಿತ್ತು ಎಂಬುದೇ ಮುಖ್ಯ. ಕೊಡುವವನ ಕಣ್ಣಿಗೆ ಕಾಣುವ ಅಳತೆ ಅದು.

ಅಳತೆ ಕಾಣದೆ ಹೋದರೆ ಏನಾಗುತ್ತದೆ ಎಂಬುದಕ್ಕೂ ನಮ್ಮ ಸೀಮೆಯಲ್ಲೇ ಪಾಠವಿದೆ. 1763ರಲ್ಲಿ ಬಿದನೂರು ಹೈದರಾಲಿಯ ಕೈಸೇರಿತು. 1799ರ ಮೇಲೆ ಘಟ್ಟದ ಮೇಲಿನ ನಾಡು ಮೈಸೂರು ಒಡೆಯರಿಗೆ ಬಂತು, ಕೆಳಗಿನ ಕನ್ನಡ ಜಿಲ್ಲೆ ಕಂಪನಿ ಸರಕಾರಕ್ಕೆ ಹೋಯಿತು. ಮೈಸೂರಿನಲ್ಲಿ ಆಗ ಶರತ್ತು ಎಂಬ ಪದ್ಧತಿ ಇತ್ತು. ಅಮಲ್ದಾರನು ಇಂತಿಷ್ಟು ಹಣ ಎತ್ತಿ ಕೊಡುತ್ತೇನೆಂದು ಮೊದಲೇ ಒಪ್ಪಿ ಬರೆದುಕೊಡಬೇಕು. ಒಪ್ಪಿದ ಮೇಲೆ ಅವನ ಕಣ್ಣು ಗದ್ದೆಯ ಮೇಲಿರುವುದಿಲ್ಲ, ಬರೆದುಕೊಟ್ಟ ಮೊತ್ತದ ಮೇಲಿರುತ್ತದೆ. ರೈತನಿಗೆ ತನ್ನ ಕಂದಾಯ ಯಾವ ಲೆಕ್ಕದಿಂದ ಬಂತು ಎಂದು ತಿಳಿಯುವ ದಾರಿಯೇ ಇಲ್ಲ. 1830ರಲ್ಲಿ ನಗರ ಸೀಮೆಯ ರೈತರು ಕೂಟ ಸೇರಿದರು, ಕಂದಾಯ ಕೊಡುವುದಿಲ್ಲವೆಂದರು. ಬೂದಿ ಬಸವಪ್ಪ ಎಂಬವನು ತಾನೇ ನಗರದ ಅರಸನೆಂದು ಮುಂದಾಳಾದ. ದಂಗೆ ಅಡಗಿತು. ಆದರೆ 1831ರಲ್ಲಿ ಬ್ರಿಟಿಷರು ಇದೇ ನೆಪದಿಂದ ಮೈಸೂರಿನ ಆಡಳಿತವನ್ನೇ ತೆಗೆದುಕೊಂಡರು. ಅದು ಒಡೆಯರಿಗೆ ಮರಳಿದ್ದು 1881ರಲ್ಲಿ, ಐವತ್ತು ವರ್ಷದ ಮೇಲೆ.

ಅದಾಗಿ ನೂರಿಪ್ಪತ್ತು ವರ್ಷದ ಮೇಲೆ ಸಾಗರದ ಹತ್ತಿರದ ಕಾಗೋಡಿನಲ್ಲಿ ಜಗಳ ಎದ್ದದ್ದು ಒಂದು ಕೊಳಗದಿಂದ. ಅಲ್ಲಿ ಕೊಡಬೇಕಾದದ್ದು ಸರಕಾರದ ತೆರಿಗೆಯಲ್ಲ, ಒಡೆಯರಿಗೆ ಗೇಣಿ. ಗೇಣಿ ಅಳೆಯುವ ಕೊಳಗ ದೊಡ್ಡದು, ಸರಿಯಾದ ಅಳತೆಯ ಕೊಳಗದಲ್ಲಿ ಅಳೆಯಿರಿ ಎಂದು ಗೇಣಿದಾರರು ಕೇಳಿದರು. ಎಚ್. ಗಣಪತಿಯಪ್ಪನವರು ರೈತರನ್ನು ಸಂಘಟಿಸಿದರು. 1951ರಲ್ಲಿ ಸತ್ಯಾಗ್ರಹ ನಡೆಯಿತು. ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದರು. ನಮ್ಮ ತೀರ್ಥಹಳ್ಳಿ ತಾಲ್ಲೂಕಿನ ಶಾಂತವೇರಿ ಗೋಪಾಲಗೌಡರು ಆ ಹೋರಾಟದಲ್ಲಿದ್ದು ಮರುವರ್ಷ ಶಾಸನಸಭೆಗೆ ಹೋದರು. ಭೂಸುಧಾರಣೆಯ ದೊಡ್ಡ ಮಾತುಗಳೆಲ್ಲ ಆಮೇಲೆ ಬಂದವು. ಮೊದಲ ಮಾತು ಕೊಳಗದ್ದು.

ಇಷ್ಟು ಹೇಳುವ ಹೊತ್ತಿಗೆ ನಮ್ಮ ಹುಡುಗಿಯ ಆಕಳಿಕೆ ನಿಂತಿತ್ತು. “ಅಳತೆ ಸರಿ ಅತ್ತೆ. ನನ್ನದು ಅಳತೆ ಅಲ್ಲ, ಗಡಿ” ಎಂದಳು. ಗಡಿಯ ಮಾತೂ ನಮಗೆ ಹೊಸದಲ್ಲ. ನಮ್ಮಜ್ಜಿಯ ತವರು ಆಗುಂಬೆ ಘಟ್ಟದ ಕೆಳಗೆ, ಸೋಮೇಶ್ವರದ ಆಚೆ. ಅಜ್ಜಿ ಮದುವೆಯಾಗಿ ಬಂದಾಗ ಆಗುಂಬೆ ಮೈಸೂರು, ಕೆಳಗಿನದು ಮದ್ರಾಸು. 1956ರ ನವೆಂಬರ್ 1ರಂದು ದಕ್ಷಿಣ ಕನ್ನಡ ಮೈಸೂರು ರಾಜ್ಯಕ್ಕೆ ಸೇರಿತು, ಅದರ ಕಾಸರಗೋಡು ಮಾತ್ರ ಕೇರಳಕ್ಕೆ ಹೋಯಿತು. ತೀರ್ಥಹಳ್ಳಿಯ ಅಡಿಕೆ ವ್ಯಾಪಾರಿಗೆ ಅಕ್ಟೋಬರ್ 31ರ ರಾತ್ರಿ ಮಂಗಳೂರು ಪರರಾಜ್ಯ, ಬೆಳಗಾದರೆ ಸ್ವಂತ ರಾಜ್ಯ. ಘಟ್ಟ ಕದಲಲಿಲ್ಲ, ಮರ ಕದಲಲಿಲ್ಲ, ಗೆರೆ ಕದಲಿತು. ಅದೇ ವರ್ಷ ರಾಜ್ಯ ರಾಜ್ಯಗಳ ನಡುವಿನ ವ್ಯಾಪಾರಕ್ಕೆಂದು ಕೇಂದ್ರ ಮಾರಾಟ ತೆರಿಗೆ ಕಾಯಿದೆಯೂ ಬಂತು. ಅಪ್ಪ ಸಿಕ್ಕಿಬಿದ್ದದ್ದು ಆ ಕಾಯಿದೆಯಲ್ಲಿ.

ಅಪ್ಪನದು ಅಡಿಕೆ, ಕಾಳುಮೆಣಸಿನ ಸಣ್ಣ ವ್ಯಾಪಾರ. 1986ರಲ್ಲಿ ಕಾಸರಗೋಡಿನ ಕಡೆಗೆ ಒಂದು ಲಾರಿ ಸರಕು ಕಳಿಸಿದ್ದರು. ಹೊರರಾಜ್ಯದ ನೋಂದಾಯಿತ ವ್ಯಾಪಾರಿಗೆ ಮಾರಿದರೆ ತೆರಿಗೆಯ ದರ ಕಡಿಮೆ. ಆದರೆ ಕೊಂಡವನಿಂದ ಸಿ ಫಾರಂ ತರಿಸಿ ಕಚೇರಿಗೆ ಕೊಡಬೇಕು, ಕೊಡದಿದ್ದರೆ ಹೆಚ್ಚಿನ ದರ. ಅಪ್ಪ ತರಿಸಿ ಕೊಟ್ಟರು, ಸ್ವೀಕೃತಿಯ ಮೊಹರೂ ಹಾಕಿಸಿಕೊಂಡರು. ಅಷ್ಟರಲ್ಲಿ ಅಂಗಡಿಯನ್ನು ಬೇರೆ ಕಡೆಗೆ ಬದಲಾಯಿಸಿದ್ದರಿಂದ ಅವರ ಕಡತ ಇನ್ನೊಂದು ಕಚೇರಿಯ ವ್ಯಾಪ್ತಿಗೆ ಹೋಯಿತು. ಹೊಸ ಕಚೇರಿಯಿಂದ ನೋಟೀಸು ಬಂತು: ಸಿ ಫಾರಂ ಇಲ್ಲ, ವ್ಯತ್ಯಾಸ ಕಟ್ಟಿ. ಅಪ್ಪ ಮೊಹರಿನ ಚೀಟಿ ತೋರಿಸಿದರು. ಇದು ಆ ಕಚೇರಿಯದ್ದು, ನಮ್ಮ ಕಡತದಲ್ಲಿ ಇಲ್ಲ ಎಂದರು. ಆ ಕಚೇರಿಗೆ ಹೋದರೆ ನೀವು ಈಗ ನಮ್ಮ ವ್ಯಾಪ್ತಿಯಲ್ಲಿ ಇಲ್ಲ ಎಂದರು. ಎಂಟು ತಿಂಗಳು ಅಪ್ಪ ಬೆಳಗಿನ ಮೊದಲ ಬಸ್ಸಿಗೆ ಹೋಗಿ ಸಂಜೆ ಬರುತ್ತಿದ್ದರು. ಯಾರೂ ಬೈಯಲಿಲ್ಲ, ಯಾರೂ ಲಂಚ ಕೇಳಲಿಲ್ಲ. ಎರಡೂ ಕಡೆಯವರು ಹೇಳಿದ್ದು ಅವರವರ ಮಟ್ಟಿಗೆ ಸರಿಯೇ. ಕೊನೆಗೆ ಅಂಗಡಿಗೆ ಬೀಗ ಹಾಕಿ ತಿರುಗುವುದಕ್ಕಿಂತ ಕಟ್ಟುವುದೇ ಮೇಲೆಂದು ಅಮ್ಮನ ಎರಡು ಬಳೆ ಅಡವಿಟ್ಟು ಕಟ್ಟಿಬಂದರು. ಆ ರಸೀತಿಯನ್ನೂ ಮೊಹರಿನ ಚೀಟಿಯನ್ನೂ ಒಂದೇ ಗುಂಡುಸೂಜಿಯಲ್ಲಿ ಚುಚ್ಚಿ ಪೆಟ್ಟಿಗೆಯಲ್ಲಿಟ್ಟರು. ಅಮ್ಮನ ಬಳೆ ಮರಳಿ ಬರಲಿಲ್ಲ. ಅಪ್ಪ ಆ ಮಾತನ್ನು ಯಾರ ಮುಂದೆಯೂ ಎತ್ತಲಿಲ್ಲ. ತಮ್ಮನಿಗೆ ವ್ಯಾಪಾರ ಬೇಡ, ನೌಕರಿ ಹಿಡಿ ಎಂದಷ್ಟೇ ಹೇಳಿದರು.

ಆ ಕಾಗದಗಳು ಈಗಲೂ ಇವೆ. ತಂದು ಹುಡುಗಿಯ ಕೈಗೆ ಕೊಟ್ಟೆ. ಸೂಜಿ ತುಕ್ಕು ಹಿಡಿದು ಎರಡೂ ಹಾಳೆಗಳ ಮೇಲೆ ಕೆಂಪು ಕಲೆಯಾಗಿತ್ತು. ಅವಳು ತುಂಬ ಹೊತ್ತು ನೋಡಿ, “ಅಜ್ಜ ಎರಡು ಚೀಟಿಯ ನಡುವೆ ಬಿದ್ದುಹೋದರು ಅತ್ತೆ. ಒಂದು ಸಾಲಿನಿಂದ ತೆಗೆದು ಇನ್ನೊಂದಕ್ಕೆ ಹಾಕುವಾಗ ಯಾರೋ ಕಾರಣ ಬರೆಯಲಿಲ್ಲ” ಎಂದಳು. ನಾನು ಇಡೀ ರಾತ್ರಿ ಹೇಳಲು ಹೊರಟಿದ್ದನ್ನು ಅವಳು ತನ್ನ ಭಾಷೆಯಲ್ಲಿ ಎರಡೇ ಮಾತಿನಲ್ಲಿ ಹೇಳಿದ್ದಳು.

ಅವಳ ಚೀಟಿಗಳಲ್ಲೂ ‘ಕಾರಣ’ ಎಂದು ಒಂದು ಖಾನೆ ಇದೆಯಂತೆ. ಯಾರೂ ತುಂಬುವುದಿಲ್ಲವಂತೆ. ನಾನು ಉತ್ತರಪತ್ರಿಕೆಯ ಮಾತು ಹೇಳಿದೆ. ಬರೀ ಒಟ್ಟು ಅಂಕ ಬರೆದು ಕೊಟ್ಟರೆ ಮಗು ಅಳುತ್ತದೆ, ಇಲ್ಲವೆ ಸುಮ್ಮನಾಗುತ್ತದೆ. ಪ್ರಶ್ನೆಯ ಪಕ್ಕದಲ್ಲಿ ಎಲ್ಲಿ ಅರ್ಧ ಕಳೆದೆ ಎಂದು ಬರೆದರೆ ಬಂದು ಜಗಳ ಮಾಡುತ್ತದೆ. ಜಗಳ ಮಾಡಲಿ, ಕೆಲವು ಸಲ ಮಗುವೇ ಸರಿಯಿರುತ್ತದೆ. ತೆರಿಗೆ ಕೊಡುವುದು ಯಾರಿಗೂ ಸಂತೋಷದ ಕೆಲಸವಲ್ಲ. ಆದರೆ ರಸ್ತೆ, ಆಸ್ಪತ್ರೆ, ನನ್ನ ಸಂಬಳ ಎಲ್ಲವೂ ಅದರಿಂದಲೇ. ಅಳತೆ ಕಣ್ಣಿಗೆ ಕಂಡರೆ ಜನ ಗೊಣಗಿಕೊಂಡಾದರೂ ಕೊಡುತ್ತಾರೆ. ಕಾಣದಿದ್ದರೆ ಒಂದೋ ಕೂಟ ಸೇರುತ್ತಾರೆ, ಇಲ್ಲವೆ ಅಪ್ಪನ ಹಾಗೆ ಬಳೆ ಅಡವಿಟ್ಟು ಸುಮ್ಮನಾಗುತ್ತಾರೆ. ಸುಮ್ಮನಾಗುವವರೇ ಹೆಚ್ಚು. ಅವರು ಇತಿಹಾಸದ ಪುಸ್ತಕಕ್ಕೆ ಬರುವುದಿಲ್ಲ.

ಹುಡುಗಿ ಚೀಟಿಯನ್ನು ‘ಮುಗಿಯಿತು’ ಸಾಲಿಗೆ ಎಳೆಯಲಿಲ್ಲ. ಆ ಮನೆ ಯಾವ ಗಡಿಯಲ್ಲಿದೆ ಎಂದು ನಕ್ಷೆ ತೆಗೆದು ನೋಡಿದಳು, ಹೆಚ್ಚಾಗಿ ತೆಗೆದುಕೊಂಡದ್ದನ್ನು ಹಿಂದಿರುಗಿಸಬೇಕೆಂದು ಬರೆದಳು, ‘ಕಾರಣ’ ಎಂಬ ಖಾನೆಯಲ್ಲಿ ನಾಲ್ಕು ಸಾಲು ತುಂಬಿದಳು.

ಜಗಲಿಯಲ್ಲಿ ಸುಲಿಯುವುದು ಮುಗಿದಿತ್ತು. ತಮ್ಮ ಅಳತೆಗೆ ಬಂದು ಕೂತಿದ್ದ. ಸುಲಿದ ಅಡಿಕೆಯನ್ನು ಅವರವರ ಕಣ್ಣೆದುರೇ ಅಳೆದು, ಲೆಕ್ಕವನ್ನು ಗಟ್ಟಿಯಾಗಿ ಹೇಳಿ, ಪುಸ್ತಕದಲ್ಲಿ ಬರೆದು ಅವರಿಗೆ ತೋರಿಸುವುದು ಅಪ್ಪನ ಕಾಲದಿಂದ ನಮ್ಮ ಮನೆಯ ಕ್ರಮ. ಓದು ಬಾರದವರಿಗೂ ತೋರಿಸಬೇಕು ಎನ್ನುತ್ತಿದ್ದರು ಅಪ್ಪ. ಹುಡುಗಿ ಬಾಗಿಲಲ್ಲಿ ನಿಂತು ಅಳತೆ ಮುಗಿಯುವವರೆಗೂ ನೋಡುತ್ತಿದ್ದಳು.